ಟೆಸ್ಟ್ ಅಂಡ್ ಟ್ರೀಟ್: ಪತ್ತೆಯಾದ ಕೂಡಲೇ ಗುಳಿಗೆ

"ನಿಮ್ಮ ಸಿಡಿ4 ಚೆನ್ನಾಗಿದೆ. ಆರು ತಿಂಗಳು ಬಿಟ್ಟು ಬನ್ನಿ."

ಹತ್ತು ಹದಿನೈದು ವರ್ಷಗಳ ಹಿಂದೆ ಎಚ್‌ಐವಿ ಪಾಸಿಟಿವ್ ಎಂದು ಗೊತ್ತಾಗಿ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಕೇಂದ್ರದ ಮೆಟ್ಟಿಲು ಹತ್ತಿದ ಎಷ್ಟೋ ಜನ ಕೇಳಿಸಿಕೊಂಡು ವಾಪಸು ಬಂದ ಮಾತು ಇದು. ಸೋಂಕು ಇದೆ, ಔಷಧವೂ ಇದೆ, ಅದೂ ಸರ್ಕಾರ ಉಚಿತವಾಗಿ ಕೊಡುವ ಔಷಧ. ಆದರೂ ಈಗಲೇ ಸಿಗುವುದಿಲ್ಲ. ಇವತ್ತು ಅದೇ ಕೇಂದ್ರಕ್ಕೆ ಹೋದರೆ, ಬೇರೆ ತೊಡಕು ಇಲ್ಲದಿದ್ದರೆ, ಅದೇ ದಿನವೋ ಅದೇ ವಾರದಲ್ಲೋ ಗುಳಿಗೆ ಡಬ್ಬಿ ಕೈಗೆ ಬರುತ್ತದೆ. ಹೀಗೆ ಬದಲಾದ ನೀತಿಯ ಹೆಸರು 'ಟೆಸ್ಟ್ ಅಂಡ್ ಟ್ರೀಟ್'.

ಕನ್ನಡಕ್ಕೆ ತಂದರೆ 'ಪರೀಕ್ಷಿಸಿ, ಚಿಕಿತ್ಸೆ ಕೊಡಿ' ಎಂದಾಗುತ್ತದೆ. ಹಾಗೆ ಹೇಳಿದರೆ ಇದರಲ್ಲೇನು ಹೊಸತು ಅನ್ನಿಸಬಹುದು. ಮಲೇರಿಯಾ ಇರಲಿ, ಟೈಫಾಯ್ಡ್ ಇರಲಿ, ಪರೀಕ್ಷೆ ಮಾಡಿ ತಾನೇ ಔಷಧ ಕೊಡುವುದು? ಹೊಸತು ಇರುವುದು ಹೆಸರಿನಲ್ಲಿ ಕಾಣದ ಎರಡು ಪದಗಳಲ್ಲಿ: 'ಎಲ್ಲರಿಗೂ', 'ಈಗಲೇ'. ದೇಹದಲ್ಲಿ ಶಕ್ತಿ ಎಷ್ಟು ಉಳಿದಿದೆ ಎಂದು ಅಳೆದು, ಇವರಿಗೆ ಕೊಡೋಣ, ಅವರು ಕಾಯಲಿ ಎನ್ನುವ ಲೆಕ್ಕವನ್ನೇ ಬಿಟ್ಟುಬಿಡುವುದು ಇದರ ತಿರುಳು. ಕೆಲವು ದೇಶಗಳು ಇದನ್ನೇ 'ಟ್ರೀಟ್ ಆಲ್' ಎನ್ನುತ್ತವೆ.

ಆ ಹಳೆಯ ಲೆಕ್ಕ ನಿಂತಿದ್ದುದು ಸಿಡಿ4 ಮೇಲೆ. ಸಿಡಿ4 ಎಂದರೆ ಒಂದು ಬಗೆಯ ಬಿಳಿ ರಕ್ತಕಣ. ಸೋಂಕು ಬಂದಾಗ ದೇಹದ ಉಳಿದ ಕಾವಲುಪಡೆಯನ್ನು ಎಬ್ಬಿಸುವುದು ಇದರ ಕೆಲಸ. ಎಚ್‌ಐವಿ ಹೊಕ್ಕುವುದು ಇದೇ ಕಣದೊಳಕ್ಕೆ, ಮರಿ ಹಾಕುವುದೂ ಅಲ್ಲೇ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಈ ಕಣಗಳು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಕ್ಷಯ, ನ್ಯುಮೋನಿಯಾ, ಮೆದುಳಿನ ಸೋಂಕುಗಳು ಸುಲಭವಾಗಿ ಮುತ್ತಿಕೊಳ್ಳುತ್ತವೆ. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಕೊಟ್ಟರು. ಆ ಆರರಲ್ಲಿ ಕರ್ನಾಟಕವೂ ಒಂದು. ಔಷಧಕ್ಕೆ ಅರ್ಹರು ಎನಿಸಿಕೊಳ್ಳಲು ಆಗ ಸಿಡಿ4 200ರ ಆಸುಪಾಸಿಗೆ ಇಳಿದಿರಬೇಕಿತ್ತು. ಗೆರೆ ಮುಂದೆ 350ಕ್ಕೆ ಏರಿತು, ಆಮೇಲೆ 500ಕ್ಕೆ. 2017ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಗೆರೆಯನ್ನೇ ಅಳಿಸಿತು.

ಕಾಯಿಸಿದವರನ್ನು ಸುಮ್ಮನೆ ದೂರುವುದು ಸರಿಯಲ್ಲ. ಆ ಕಾಲದ ಗುಳಿಗೆಗಳು ದೇಹವನ್ನು ಹಿಂಡುತ್ತಿದ್ದವು. ಸ್ಟಾವುಡಿನ್ ತೆಗೆದುಕೊಂಡವರಲ್ಲಿ ಎಷ್ಟೋ ಜನರ ಕೆನ್ನೆಯ ಕೊಬ್ಬು ಕರಗಿ ಮುಖ ಒಳಗೆ ಹೋಗುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಜಿಡೋವುಡಿನ್‌ನಿಂದ ರಕ್ತಹೀನತೆ, ನೆವಿರಪಿನ್‌ನಿಂದ ಮೈಮೇಲೆ ದದ್ದು. ಬೇಗ ಶುರು ಮಾಡಿ ನಡುವೆ ಬಿಟ್ಟರೆ ವೈರಸ್ ಔಷಧಕ್ಕೆ ಬಗ್ಗದ ಹಾಗೆ ಬದಲಾಗುತ್ತದೆಂಬ ಭಯ ಬೇರೆ. ಬೆಲೆಯ ಮಾತಂತೂ ದೊಡ್ಡದೇ. 2000ದ ಹೊತ್ತಿಗೆ ಮೂರು ಔಷಧಗಳ ಒಂದು ವರ್ಷದ ಖರ್ಚು ಅಮೆರಿಕ, ಯುರೋಪಿನ ಬೆಲೆಯಲ್ಲಿ ಹತ್ತು ಸಾವಿರ ಡಾಲರ್ ದಾಟುತ್ತಿತ್ತು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಅದನ್ನೇ ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇನೆ ಎಂದಿತು. ಆ ಮೇಲೆ ಭಾರತದ ಜೆನೆರಿಕ್ ಕಂಪನಿಗಳ ಗುಳಿಗೆ ಆಫ್ರಿಕಾದ ಹಳ್ಳಿಗಳನ್ನೂ ಮುಟ್ಟಿತು. ಅಗ್ಗದ ಔಷಧ ಇಲ್ಲದಿದ್ದರೆ 'ಎಲ್ಲರಿಗೂ, ಈಗಲೇ' ಎಂಬ ಮಾತನ್ನು ಬಡ ದೇಶಗಳು ಬಾಯಿಬಿಟ್ಟು ಹೇಳುವ ಹಾಗೇ ಇರಲಿಲ್ಲ.

ಆದರೆ ಕಾಯಿಸಿದ್ದಕ್ಕೆ ಬೆಲೆ ತೆತ್ತವರು ಸೋಂಕಿತರೇ. 'ಪ್ರೀ-ಎಆರ್‌ಟಿ' ರಿಜಿಸ್ಟರ್‌ನಲ್ಲಿ ಹೆಸರು ಬರೆಸಿ, ಬರಿಗೈಲಿ ಮನೆಗೆ ಹೋದವರಲ್ಲಿ ಬಹಳ ಮಂದಿ ಮತ್ತೆ ಬರಲೇ ಇಲ್ಲ. ಯಾಕೆ ಬಂದಾರು? ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಯಾರಾದರೂ ನೋಡಿಬಿಟ್ಟಾರೆಂಬ ಅಂಜಿಕೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಬಂದರೆ ಸಿಗುವುದು ಒಂದು ಸಂಖ್ಯೆ ಮಾತ್ರ. ಕೊನೆಗೆ ಬರುವ ಹೊತ್ತಿಗೆ ಕ್ಷಯ ಅಂಟಿರುತ್ತಿತ್ತು, ತೂಕ ಇಳಿದಿರುತ್ತಿತ್ತು, ಎಷ್ಟೋ ಸಲ ಹೆಂಡತಿಗೂ ದಾಟಿರುತ್ತಿತ್ತು.

ಈ 'ದಾಟುವ' ವಿಷಯದಲ್ಲೇ ವಿಜ್ಞಾನ ದಾರಿ ತೋರಿಸಿತು. ದಂಪತಿಯಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಂಥ 1,763 ಜೋಡಿಗಳನ್ನು ಭಾರತವೂ ಸೇರಿ ಒಂಬತ್ತು ದೇಶಗಳಲ್ಲಿ ಅಧ್ಯಯನಕ್ಕೆ ತೆಗೆದುಕೊಂಡರು. ಎಚ್‌ಪಿಟಿಎನ್ 052 ಎಂದು ಅದರ ಹೆಸರು. ಅರ್ಧ ಜೋಡಿಗಳಲ್ಲಿ ಸೋಂಕಿತರಿಗೆ ತಕ್ಷಣ ಔಷಧ, ಉಳಿದವರಿಗೆ ಸಿಡಿ4 ಇಳಿದ ಮೇಲೆ. 2011ರಲ್ಲಿ ಫಲಿತಾಂಶ ಬಂದಾಗ, ಬೇಗ ಶುರು ಮಾಡಿದವರಿಂದ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗಿತ್ತು. ಆಮೇಲೆ 2015ರಲ್ಲಿ ಸ್ಟಾರ್ಟ್ ಎಂಬ ಇನ್ನೊಂದು ಅಧ್ಯಯನ, ಸಿಡಿ4 500ಕ್ಕಿಂತ ಮೇಲಿದ್ದಾಗಲೇ ಗುಳಿಗೆ ಶುರು ಮಾಡಿದರೆ ಸೋಂಕಿತರ ಸ್ವಂತ ಆರೋಗ್ಯಕ್ಕೂ ಲಾಭ ಎಂದು ತೋರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಔಷಧ ಕೊಡಿ ಎಂದಿತು. ಚಿಕಿತ್ಸೆ ಬೇರೆ, ತಡೆಗಟ್ಟುವಿಕೆ ಬೇರೆ ಎಂದು ಅಲ್ಲಿಯ ತನಕ ಎರಡು ಕಡತಗಳಲ್ಲಿದ್ದ ಕೆಲಸ ಒಂದೇ ಗುಳಿಗೆಯೊಳಗೆ ಬಂತು.

ನನಗೆ ಇದರಲ್ಲಿ ಅತಿ ಮೆಚ್ಚುಗೆಯಾದದ್ದು ಮಲಾವಿಯ ಕಥೆ. ಆಫ್ರಿಕಾದ ಈ ಪುಟ್ಟ ಬಡ ದೇಶದಲ್ಲಿ ಆಗ ಸಿಡಿ4 ಅಳೆಯುವ ಯಂತ್ರಗಳು ಸಾಲುತ್ತಿರಲಿಲ್ಲ. ಗರ್ಭಿಣಿಯರಿಗೆ ಔಷಧ ಕೊಡಬೇಕೋ ಬೇಡವೋ ಎಂದು ತಿಳಿಯಲು ರಕ್ತದ ಮಾದರಿ ಎಲ್ಲೋ ದೂರ ಹೋಗಿ ಬರಬೇಕಿತ್ತು. ವರದಿ ಬರುವುದರೊಳಗೆ ಹೆರಿಗೆಯೇ ಆಗಿಬಿಡಬಹುದಿತ್ತು. 2011ರಲ್ಲಿ ಮಲಾವಿ ಒಂದು ನೇರ ತೀರ್ಮಾನ ಮಾಡಿತು: ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ, ಹಾಲೂಡಿಸುವ ತಾಯಿಗೂ, ಸಿಡಿ4 ನೋಡದೆ, ಜೀವನಪೂರ್ತಿ ಎಆರ್‌ಟಿ. 'ಆಪ್ಷನ್ ಬಿ ಪ್ಲಸ್' ಎಂದು ಹೆಸರಾದ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು. ಔಷಧವಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ಅದು ಶೇ 5ಕ್ಕಿಂತ ಕೆಳಗೆ. ಯಂತ್ರವಿಲ್ಲದ ದೇಶ ಯಂತ್ರಕ್ಕಾಗಿ ಕಾಯದೆ ಮುಂದೆ ನಡೆದು, ಯಂತ್ರವಿದ್ದ ದೇಶಗಳಿಗೆ ದಾರಿ ಮಾಡಿಕೊಟ್ಟಿತು. ಬ್ರೆಜಿಲ್ ಇನ್ನೊಂದು ಬಗೆಯ ಮುಂದಾಳು. ಅಲ್ಲಿ 1996ರಲ್ಲೇ ಉಚಿತ ಔಷಧವನ್ನು ಕಾನೂನಿನಲ್ಲಿ ಬರೆದರು, 2013ರ ಕೊನೆಗೆ ಎಲ್ಲರಿಗೂ ಕೊಡಲು ಶುರು ಮಾಡಿದರು.

ಇನ್ನು ನಮ್ಮಲ್ಲಿ 'ಟೆಸ್ಟ್', 'ಟ್ರೀಟ್' ಎಂಬ ಎರಡು ಕೆಲಸಗಳು ನಡೆಯುವುದು ಹೇಗೆ ಎಂದು ನೋಡೋಣ.

'ಟೆಸ್ಟ್' ನಡೆಯುವುದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ. ಮೊದಲು ಆಪ್ತ ಸಮಾಲೋಚಕರ ಜತೆ ಮಾತು, ಒಪ್ಪಿಗೆ, ಆಮೇಲೆ ರಕ್ತ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಹಣೆಪಟ್ಟಿ ಕಟ್ಟುವುದಿಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಸಲ ಖಚಿತವಾಗಬೇಕು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣಿಸದೆಯೂ ಇರಬಹುದು, ಅದಕ್ಕೇ ಅನುಮಾನ ಇದ್ದವರಿಗೆ ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ.

'ಟ್ರೀಟ್' ಎಂದರೆ ಈಗ ಬಹುತೇಕರಿಗೆ ದಿನಕ್ಕೆ ಒಂದೇ ಗುಳಿಗೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ. ಎಲ್ಲರೂ ಕರೆಯುವುದು ಟಿಎಲ್‌ಡಿ ಎಂದು. 'ಈಗಲೇ' ಎಂಬುದಕ್ಕೂ ಒಂದು ಅಪವಾದವುಂಟು: ಕ್ಷಯವಿದ್ದರೆ ಮೊದಲು ಅದರ ಔಷಧ, ಮೆದುಳಿನ ಪೊರೆಗೆ ಸೋಂಕು ತಗುಲಿದ್ದರೆ ಕೆಲವು ವಾರ ತಡೆದೇ ಎಆರ್‌ಟಿ ಶುರು ಮಾಡಬೇಕು. ದಿಢೀರನೆ ಎಚ್ಚೆತ್ತ ರೋಗನಿರೋಧಕ ಶಕ್ತಿ ಆಗ ಉರಿಯೂತ ಎಬ್ಬಿಸಿ ಜೀವಕ್ಕೇ ತೊಂದರೆ ತರಬಹುದು.

ಔಷಧ ಮುಗಿಯುತ್ತಾ ಬಂದಾಗ ಡಬ್ಬಿ ಸಮೇತ ಬನ್ನಿ ಎನ್ನುತ್ತಾರೆ. ಮೇಜಿನ ಮೇಲೆ ಸುರಿದು, ಉಳಿದ ಗುಳಿಗೆ ಎಣಿಸುತ್ತಾರೆ. ತಿಂಗಳ 30ರಲ್ಲಿ ಮೂರು ತಪ್ಪಿದರೆ ಶೇ 90. ಬೇಕಾದದ್ದು 95ಕ್ಕಿಂತ ಮೇಲೆ. ಯಾಕೆ ತಪ್ಪಿತು ಎಂದು ಕೇಳಿದಾಗ ಮರೆವು ಎಂಬ ಉತ್ತರದ ಜತೆಗೆ ಬೇರೆ ಉತ್ತರಗಳೂ ಬರುತ್ತವೆ. ಮದುವೆ ಮನೆಯಲ್ಲಿದ್ದೆ, ಎಲ್ಲರ ಎದುರು ಹೇಗೆ ತೆಗೆಯಲಿ. ಪ್ಲಾಸ್ಟಿಕ್ ಡಬ್ಬಿ ಚೀಲದೊಳಗೆ ಗಲಗಲ ಎನ್ನುತ್ತದೆಂದು ಅದಕ್ಕೆ ಹತ್ತಿ ತುರುಕುವವರಿದ್ದಾರೆ, ಚೀಟಿ ಕಿತ್ತು ಬೇರೆ ಡಬ್ಬಿಗೆ ಹಾಕಿಕೊಳ್ಳುವವರಿದ್ದಾರೆ. ನೀತಿ ಅಳಿಸಿದ್ದು ಸಿಡಿ4 ಗೆರೆಯನ್ನು. ಈ ಹತ್ತಿಯನ್ನು ತೆಗೆಸಬೇಕಾದವರು ನಾವು, ಅಕ್ಕಪಕ್ಕದವರು.

ಸರ್ಕಾರಕ್ಕೂ ಕೇಳಬೇಕಾದ ಮಾತಿದೆ. 2017ರ ಅದೇ ಎಚ್‌ಐವಿ ಕಾಯ್ದೆ ಎಆರ್‌ಟಿ ಒದಗಿಸುವ ಹೊಣೆಯನ್ನು ಹೇಳುವಾಗ 'ಸಾಧ್ಯವಾದಷ್ಟು ಮಟ್ಟಿಗೆ' ಎಂದು ಸೇರಿಸಿದೆ. ಸೋಂಕಿತರ ಸಂಘಟನೆಗಳು ಆ ಮಾತನ್ನು ಆಗಲೇ ವಿರೋಧಿಸಿದ್ದವು. 2022ರಲ್ಲಿ ಕೆಲವು ಔಷಧಗಳ ದಾಸ್ತಾನು ಮುಗಿದು, ದೆಹಲಿಯಲ್ಲಿ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿಯ ಮುಂದೆ ಜನ ಧರಣಿ ಕೂತದ್ದು ನೆನಪಿರಲಿ. ಜೀವನಪೂರ್ತಿ ದಿನ ತಪ್ಪದೆ ನುಂಗಿ ಎಂದು ಹೇಳಿದ ಮೇಲೆ ಕೌಂಟರ್‌ನಲ್ಲಿ ಗುಳಿಗೆ ಇರಲೇಬೇಕು. ಹಾಗೆಯೇ ಪರೀಕ್ಷೆಗೇ ಬಾರದವರಿಗೆ ಈ ನೀತಿಯಿಂದ ಏನೂ ದಕ್ಕುವುದಿಲ್ಲ. ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ ಈ ಪಟ್ಟಿಯ ಮೊದಲ ಸಾಲಿನಲ್ಲಿವೆ. ಕಾಂಡೋಮ್, ಶುದ್ಧ ಸೂಜಿ, ಲೈಂಗಿಕ ಕಾರ್ಮಿಕರ ನಡುವಿನ ಕೆಲಸ, ಇವನ್ನೆಲ್ಲ ಗುಳಿಗೆ ಬಂತೆಂದು ಕೈಬಿಡುವ ಹಾಗಿಲ್ಲ. ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಹೆಸರು ಕೇಳದೆ ಹೇಳುತ್ತಾರೆ, ಕರೆಗೆ ದುಡ್ಡು ಬೀಳುವುದಿಲ್ಲ.

ಗುಳಿಗೆ ಶುರುವಾಗಿ ಆರು ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್‌ನ ಪ್ರತಿಗಳು ಎಷ್ಟಿವೆ ಎಂಬ ಎಣಿಕೆ ಅದು. ಚೆನ್ನಾಗಿ ಔಷಧ ತೆಗೆದುಕೊಂಡವರ ವರದಿಯಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್', ಅಂದರೆ ವೈರಸ್ ಪತ್ತೆಯಾಗಲಿಲ್ಲ ಎಂದು ಬಂದಿರುತ್ತದೆ. ಈ ಸ್ಥಿತಿಯಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ.

"ಹಂಗಾದ್ರೆ ಕಾಯಿಲೆ ಹೋಯ್ತಾ ಮೇಡಂ? ಗುಳಿಗೆ ಬಿಡಬಹುದಾ?"

"ಇಲ್ಲಮ್ಮ. ರಕ್ತದಲ್ಲಿ ಕಾಣ್ತಿಲ್ಲ ಅಷ್ಟೇ. ಒಳಗೆ ಕೆಲವು ಕಣಗಳಲ್ಲಿ ಮಲಗಿಕೊಂಡಿದೆ. ಬಿಟ್ರೆ ಕೆಲವೇ ವಾರದಲ್ಲಿ ಎದ್ದುಬಿಡುತ್ತೆ."

ಆಮೇಲೆ ರೋಗಿಯ ಹಸಿರು ಚಿಕಿತ್ಸಾ ಪುಸ್ತಕದಲ್ಲಿ ಮುಂದಿನ ತಾರೀಖು ಬರೆದು, ಮೂರು ತಿಂಗಳಿಗಾಗುವಷ್ಟು ಡಬ್ಬಿ ಕೊಟ್ಟು ಕಳಿಸುತ್ತಾರೆ.