ಬೆನ್ನ ಹಿಂದೆ ಎದ್ದು ನಿಲ್ಲುವ ಗೋಡೆ

ಬ್ಯಾಸ್ಕೆಟ್‌ಬಾಲ್ ಆಡಿದವರಿಗೆ ಈ ಅನುಭವ ಆಗದೇ ಇರುವುದಿಲ್ಲ. ಮಂಡಿ ಬಗ್ಗಿಸಿ, ಚೆಂಡು ಹಿಡಿದವನ ಸೊಂಟದ ಮೇಲೆ ಕಣ್ಣಿಟ್ಟು, ಅವನು ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ ಜಾರುತ್ತ ನೀವು ಚೆನ್ನಾಗಿಯೇ ಅಡ್ಡಗಟ್ಟುತ್ತಿರುತ್ತೀರಿ. ಇನ್ನೇನು ಅವನ ಆಟ ಮುಗಿಯಿತು ಅನ್ನುವಷ್ಟರಲ್ಲಿ ಭುಜಕ್ಕೆ ದಪ್ ಎಂದು ಏನೋ ಬಡಿಯುತ್ತದೆ. ತಿರುಗಿ ನೋಡಿದರೆ ನಿಮಗಿಂತ ಒಂದಡಿ ಎತ್ತರದ ಆಸಾಮಿಯೊಬ್ಬ ಕೈಗಳನ್ನು ಎದೆಗೊತ್ತಿಕೊಂಡು ಕಲ್ಲಿನ ಕಂಬದ ಹಾಗೆ ನಿಂತಿದ್ದಾನೆ. ನೀವು ಕಾಯುತ್ತಿದ್ದವನು ಆಗಲೇ ರಿಂಗ್ ಹತ್ತಿರ ತಲುಪಿದ್ದಾನೆ. ರೆಫರಿ ಸೀಟಿ ಊದುವುದಿಲ್ಲ. ಯಾಕಂದ್ರೆ ಇದು ಫೌಲ್ ಅಲ್ಲ.

ಇದೇ ಬಾಲ್ ಸ್ಕ್ರೀನ್. ಚೆಂಡು ಹಿಡಿದವನನ್ನು ಕಾಯುವವನ ದಾರಿಗೆ ಎದುರು ತಂಡದ ಇನ್ನೊಬ್ಬ ಬಂದು ಅಡ್ಡ ನಿಲ್ಲುವುದು, ಅಷ್ಟೇ. ನಿಂತವನು ಆಮೇಲೆ ತಿರುಗಿ ರಿಂಗ್ ಕಡೆ ಓಡಿದರೆ ಪಿಕ್ ಅಂಡ್ ರೋಲ್. ಓಡದೆ ಹೊರಗೆ ಸರಿದು ಶಾಟ್‌ಗೆ ಕೈಚಾಚಿದರೆ ಪಿಕ್ ಅಂಡ್ ಪಾಪ್. ಕೇಳಿದರೆ ಮಕ್ಕಳಾಟದಂತಿದೆ, ಅಲ್ವಾ? ಆದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಯೂಟಾ ಜಾಜ್ ತಂಡದ ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ 1985ರಿಂದ 2003ರವರೆಗೆ, 18 ಸೀಸನ್, ಇದನ್ನೇ ಆಡಿದರು. ಇಡೀ ವೃತ್ತಿಜೀವನದಲ್ಲಿ ಸ್ಟಾಕ್ಟನ್ 15,806 ಅಸಿಸ್ಟ್ (ಗೆಳೆಯನ ಬುಟ್ಟಿಗೆ ದಾರಿ ಮಾಡುವ ಪಾಸ್) ಕೊಟ್ಟ. ಮಲೋನ್ ತನ್ನ ವೃತ್ತಿಜೀವನದಲ್ಲಿ 36,928 ಪಾಯಿಂಟ್ ಹೊಡೆದ. ಏನು ಬರುತ್ತದೆ ಅಂತ ಎದುರಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ.

ಯಾಕೆ? ಎರಡು ಕಡೆಯೂ ಐದೈದು ಜನ ತಾನೇ?

ಲೆಕ್ಕ ಸುಲಭ. ಸ್ಕ್ರೀನ್‌ಗೆ ಬಡಿದ ಡಿಫೆಂಡರ್ ಅರ್ಧ ಸೆಕೆಂಡ್ ಹಿಂದೆ ಬೀಳುತ್ತಾನೆ ಅಂದುಕೊಳ್ಳಿ. ಆ ಅರ್ಧ ಸೆಕೆಂಡ್ ಅವನು ಅಂಕಣದಲ್ಲಿದ್ದೂ ಇಲ್ಲದಂತೆ. ಅಷ್ಟು ಹೊತ್ತು ಆ ಮೂಲೆಯಲ್ಲಿ ಇಬ್ಬರ ಎದುರು ಒಬ್ಬನೇ. ಸೆಕೆಂಡಿಗೆ 5 ಮೀಟರ್ ಓಡುವವನಿಗೆ ಅರ್ಧ ಸೆಕೆಂಡ್ ಎಂದರೆ ಎರಡೂವರೆ ಮೀಟರ್. ತ್ರೀ ಪಾಯಿಂಟ್ ಗೆರೆಯಿಂದ (ಇದರಾಚೆಯಿಂದ ಬಿದ್ದ ಶಾಟ್‌ಗೆ ಎರಡರ ಬದಲು ಮೂರು ಪಾಯಿಂಟ್) ಹೊರಟವನು ಅಷ್ಟರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ದಾರಿ ಸವೆಸಿರುತ್ತಾನೆ. ಈ ಅರ್ಧ ಸೆಕೆಂಡ್ ಒಂದು ಸಾಲ ಇದ್ದಹಾಗೆ. ಮನ್ನಾ ಆಗುವುದಿಲ್ಲ. ಯಾರೋ ಒಬ್ಬರು ತೀರಿಸಲೇಬೇಕು. ಯಾರು, ಯಾವಾಗ, ಅಂಕಣದ ಯಾವ ಜಾಗದಲ್ಲಿ ಅನ್ನೋದನ್ನು ಆರಿಸಿಕೊಳ್ಳುವುದಷ್ಟೇ ಡಿಫೆನ್ಸ್ ಕೈಲಿರುವುದು.

ಮೊದಲು ಸಾಲ ಎಲ್ಲಿ ಹುಟ್ಟುತ್ತದೆ ನೋಡೋಣ. ಕಣ್ಣಿಗೆ ಏನೋ ಬಿದ್ದು, ಮಿದುಳಿಗೆ ತಲುಪಿ, ಕಾಲಿಗೆ ಆಜ್ಞೆ ಹೋಗಿ, ಸ್ನಾಯು ಅಲುಗಲು ಸುಮಾರು 0.2 ಸೆಕೆಂಡ್ ಬೇಕು. ಎಷ್ಟೇ ದೊಡ್ಡ ಆಟಗಾರನಾದರೂ ಇದನ್ನು ಜಾಸ್ತಿ ಇಳಿಸಲಾಗುವುದಿಲ್ಲ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಜಾರುತ್ತಿದ್ದರೆ, ಅದು ಸ್ಕ್ರೀನ್ ಅಂತ ಮಿದುಳಿಗೆ ಹೊಳೆಯುವಷ್ಟರಲ್ಲೇ 80 ಸೆಂಟಿಮೀಟರ್ ಹೋಗಿಬಿಟ್ಟಿರುತ್ತೀರಿ. ಆಮೇಲೆ ಬ್ರೇಕ್ ಹಾಕಲು ಇನ್ನಷ್ಟು ದೂರ ಬೇಕು. ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ ಬರೆದವರಿಗೂ ಇದು ಗೊತ್ತಿರಬೇಕು. ಚಲಿಸುತ್ತಿರುವ ಎದುರಾಳಿಗೆ ಸ್ಕ್ರೀನ್ ಹಾಕುವವನು ಕನಿಷ್ಠ ಒಂದು, ಹೆಚ್ಚೆಂದರೆ ಎರಡು ಹೆಜ್ಜೆಯಷ್ಟು ಜಾಗ ಬಿಟ್ಟು ನಿಲ್ಲಬೇಕು. ನಿಂತಿರುವವನ ಬೆನ್ನ ಹಿಂದೆ ಹಾಕುವುದಾದರೆ ಅವನಿಗೆ ಒಂದು ಹೆಜ್ಜೆ ಹಾಕಲು ಜಾಗ ಇರಬೇಕು. ಕಣ್ಣೆದುರೇ ಹಾಕುವುದಾದರೆ ಮೈಗೆ ತಾಗದಂತೆ ಎಷ್ಟು ಹತ್ತಿರ ಬೇಕಾದರೂ ನಿಲ್ಲಬಹುದು. ಕಾಣದವನಿಗೆ ರಿಯಾಯಿತಿ, ಕಾಣುವವನಿಗೆ ಇಲ್ಲ.

ಈಗ ಒಂದು ಮಜಾ ವಿಷಯ. ಕಣ್ಣಿಗಿಂತ ಕಿವಿ ತುಸು ಚುರುಕು. ಬೆಳಕು ಬಿದ್ದಾಗ ಕಣ್ಣಿನ ಒಳಪರದೆಯಲ್ಲಿ ಒಂದಷ್ಟು ರಾಸಾಯನಿಕ ಕೆಲಸ ನಡೆದ ಮೇಲೆ ನರಕ್ಕೆ ಸುದ್ದಿ ಹೋಗುತ್ತದೆ. ಕಿವಿಯಲ್ಲಿ ಅಷ್ಟು ತಡವಿಲ್ಲ. ಅದಕ್ಕೇ ಶಬ್ದಕ್ಕೆ ನಾವು ಬೆಳಕಿಗಿಂತ ಸ್ವಲ್ಪ ಬೇಗ ಸ್ಪಂದಿಸುತ್ತೇವೆ. ಮೂರು ಮೀಟರ್ ದೂರದಿಂದ ಕೂಗಿದರೆ ಆ ಕೂಗು ನಿಮ್ಮನ್ನು ಮುಟ್ಟಲು 0.01 ಸೆಕೆಂಡ್ ಕೂಡ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಬೆನ್ನಿಗೆ ಕಣ್ಣಿಲ್ಲ, ಆದರೆ ಕಿವಿಗೆ ಹಿಂದು ಮುಂದು ಎರಡೂ ಕೇಳುತ್ತದೆ. ಬಡಿಸಿಕೊಳ್ಳುವವನಿಗೆ ಸ್ಕ್ರೀನ್ ಕಾಣುವುದಿಲ್ಲ. ಸ್ಕ್ರೀನ್ ಹಾಕಲು ಬರುವವನ ಹಿಂದೆಯೇ ಬರುವ ಅವನ ಡಿಫೆಂಡರ್‌ಗೆ ಎಲ್ಲವೂ ಕಾಣುತ್ತದೆ. ಅವನು "ಸ್ಕ್ರೀನ್ ಲೆಫ್ಟ್!" ಅಂತ ಒಂದು ಸೆಕೆಂಡ್ ಮುಂಚೆ ಕೂಗಿದರೆ ಅರ್ಧ ಸೆಕೆಂಡಿನ ಸಾಲ ಹುಟ್ಟುವ ಮೊದಲೇ ಮುಕ್ಕಾಲು ತೀರಿರುತ್ತದೆ. (ಯಾರ ಲೆಫ್ಟ್? ಬಡಿಸಿಕೊಳ್ಳುವವನ ಲೆಫ್ಟ್. ಇದನ್ನು ಮೊದಲೇ ಮಾತಾಡಿಕೊಳ್ಳದೆ ತಪ್ಪು ಕಡೆ ತಿರುಗಿ ಮೂಗು ಜಜ್ಜಿಸಿಕೊಂಡವರಿದ್ದಾರೆ.)

ನಾನು ಮೊದಲ ಸಲ ಹಿಂದಿನ ಡಿಫೆಂಡರ್ ಆಗಿ ಆಡಿದಾಗ ಸರಿಯಾದ ಜಾಗದಲ್ಲೇ ನಿಂತೆ, ಸರಿಯಾದ ಕೋನದಲ್ಲೇ ಹಿಂದೆ ಸರಿದೆ, ನನ್ನ ಆಟದ ಬಗ್ಗೆ ನನಗೇ ಹೆಮ್ಮೆಯಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಮೂರನೇ ಸಲ ನೆಲಕ್ಕೆ ಬಿದ್ದ ನಮ್ಮ ಪುಟ್ಟ ಗಾರ್ಡ್ ಎದ್ದು ಬಂದು, "ನಿಂಗೆ ಕಾಣ್ತಿದೆ ತಾನೇ? ಹೇಳೋಕೇನೋ ಕಷ್ಟ?" ಅಂದ. ಉತ್ತರ ಇರಲಿಲ್ಲ.

ಕೂಗಿದರೆ ಮಾತ್ರ ಸಾಲದು, ಕೂಗಿದ ಮೇಲೆ ಏನು ಮಾಡುವುದು ಅನ್ನೋದೂ ಮೊದಲೇ ತೀರ್ಮಾನ ಆಗಿರಬೇಕು. ವಿಲಿಯಂ ಎಡ್ಮಂಡ್ ಹಿಕ್ ಎಂಬ ಮನೋವಿಜ್ಞಾನಿ 1952ರಲ್ಲಿ ತೋರಿಸಿದ್ದು ಇದನ್ನೇ: ಮುಂದಿರುವ ಆಯ್ಕೆಗಳು ಹೆಚ್ಚಾದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ. ಇಬ್ಬರು ಡಿಫೆಂಡರ್‌ಗಳ ತಲೆಯಲ್ಲೂ ಐದೈದು ಉಪಾಯ ಓಡುತ್ತಿದ್ದರೆ ಇಬ್ಬರೂ ತಡವಾಗುತ್ತಾರೆ. ಒಂದೇ ಇದ್ದರೆ ಯೋಚಿಸಬೇಕಾಗಿಯೇ ಇಲ್ಲ. ಪಂದ್ಯಕ್ಕೆ ಮೊದಲೇ ಕೋಚ್ "ಇವತ್ತು ಈ ಆಟಗಾರನಿಗೆ ಹೀಗೆ, ಆ ಆಟಗಾರನಿಗೆ ಹಾಗೆ" ಅಂತ ಗಂಟು ಹಾಕಿಬಿಡುವುದು ಅದಕ್ಕೇ. ಎಷ್ಟೋ ಸಲ ಅರೆಬೆಂದ ಒಳ್ಳೆ ಉಪಾಯಕ್ಕಿಂತ ಇಬ್ಬರೂ ಒಪ್ಪಿದ ಸಾಧಾರಣ ಉಪಾಯವೇ ವಾಸಿ.

ಇನ್ನು ಉಪಾಯಗಳು. ಸ್ಕ್ರೀನ್‌ನ ಕೆಳಗಿನಿಂದ, ಅಂದರೆ ರಿಂಗ್ ಕಡೆಯಿಂದ ನುಸುಳಿ ಆ ಬದಿಯಲ್ಲಿ ಎದುರಾಗುವುದು ಒಂದು. ಇದನ್ನು ಅಂಡರ್ ಅನ್ನುತ್ತಾರೆ. ಇದರಲ್ಲಿ ರೇಖಾಗಣಿತ ನಿಮ್ಮ ಪರ. ರಿಂಗ್ ಅನ್ನು ಕೇಂದ್ರ ಅಂದುಕೊಳ್ಳಿ. ಚೆಂಡು ಹಿಡಿದವನು 7 ಮೀಟರ್ ದೂರದಲ್ಲಿ 30 ಡಿಗ್ರಿಯಷ್ಟು ಪಕ್ಕಕ್ಕೆ ಸಾಗಿದರೆ ಸುಮಾರು 3.7 ಮೀಟರ್ ಹೋಗಬೇಕು. ನೀವು 5.5 ಮೀಟರ್ ದೂರದಲ್ಲಿ ಅದೇ 30 ಡಿಗ್ರಿ ಸಾಗಲು 2.9 ಮೀಟರ್ ಸಾಕು. ಓಟದ ಟ್ರ್ಯಾಕ್‌ನಲ್ಲಿ ಒಳಗಿನ ಲೇನ್ ಸಿಕ್ಕ ಹಾಗೆ. ಅವನು ಒಳನುಗ್ಗುವ ದಾರಿ ಮುಚ್ಚಿತು. ಆದರೆ ನಿಮ್ಮಿಬ್ಬರ ನಡುವೆ ಈಗ ಒಂದೂವರೆ ಮೀಟರ್ ಗಾಳಿ. ಅವನು ಅಲ್ಲೇ ನಿಂತು ತ್ರೀ ಹೊಡೆದರೆ ನೀವು ನೋಡುತ್ತ ನಿಲ್ಲಬೇಕು. ಎನ್‌ಬಿಎಯಲ್ಲಿ ತ್ರೀ ಪಾಯಿಂಟ್ ಗೆರೆ ಬಂದದ್ದೇ 1979ರಲ್ಲಿ. ಅದಾಗಿ ಬಹಳ ಕಾಲ ಡ್ರಿಬಲ್ ಮಾಡುತ್ತಲೇ ನಿಂತು ತ್ರೀ ಹೊಡೆಯುವವರು ಕಡಿಮೆ ಇದ್ದರು, ಅಂಡರ್ ನಡೆಯುತ್ತಿತ್ತು. ಗೋಲ್ಡನ್ ಸ್ಟೇಟ್ ತಂಡದ ಸ್ಟೆಫ್ ಕರ್ರಿ 2015-16ರ ಒಂದೇ ಸೀಸನ್‌ನಲ್ಲಿ 402 ತ್ರೀ ಹಾಕಿದ. ಅಂಥವನ ಎದುರು ಅಂಡರ್ ಹೋಗುವುದೆಂದರೆ ಬೀಗದ ಕೈಯನ್ನು ನೀವೇ ಕೊಟ್ಟ ಹಾಗೆ.

ಹಾಗಾದರೆ ಮೇಲಿನಿಂದ, ಓವರ್. ಇದು ಕಷ್ಟದ್ದು. ಚೆಂಡು ಹಿಡಿದವನಿಗೂ ಸ್ಕ್ರೀನ್‌ಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ಅವನ ಬೆನ್ನಿಗೇ ಅಂಟಿಕೊಂಡಿರಬೇಕು. ಇಲ್ಲಿ ಬಲಕ್ಕಿಂತ ಆಕಾರ ಮುಖ್ಯ. ಎದೆ ಕೊಟ್ಟು ಹೋದರೆ ಭುಜದಿಂದ ಭುಜದವರೆಗೆ ಇಡೀ ಅಗಲ ಬಡಿಯುತ್ತದೆ. ಮೈಯನ್ನು ಓರೆ ಮಾಡಿ, ಮುಂಗಾಲನ್ನು ಸ್ಕ್ರೀನ್ ಹಾಕಿದವನ ಕಾಲಿನ ಆಚೆ ಇಟ್ಟು, ಅದರ ಹಿಂದೆಯೇ ಸೊಂಟ ತೂರಿಸಿದರೆ ಬಡಿಯುವ ಅಗಲ ಎಷ್ಟೋ ಕಡಿಮೆ. ಗಿಜಿಗುಡುವ ಬಸ್ಸಿನಲ್ಲಿ ಇಳಿಯುವ ಬಾಗಿಲಿನ ಕಡೆ ನುಗ್ಗುತ್ತೇವಲ್ಲ, ಹಾಗೇ. ಸ್ಕ್ರೀನ್ ಬರುವ ಮುಂಚೆಯೇ ಚೆಂಡು ಹಿಡಿದವನಿಗೆ ಒತ್ತಿಕೊಂಡು ನಿಂತರೆ ಸಂದಿ ಹುಡುಕುವ ಕೆಲಸವೇ ಉಳಿಯುವುದಿಲ್ಲ, ನೀವು ಆಗಲೇ ಅದರೊಳಗಿರುತ್ತೀರಿ. ಒಳ್ಳೆಯ ಡಿಫೆಂಡರ್‌ಗಳು ಸ್ಕ್ರೀನ್ ಬಡಿದ ಮೇಲೆ ಕಾಳಗ ಮಾಡುವುದಿಲ್ಲ, ಬಡಿಯುವ ಮೊದಲೇ ಮುಗಿಸುತ್ತಾರೆ.

ಓವರ್ ಹೋದವನು ಹಿಂದಿನಿಂದ ಅಟ್ಟಿಸಿಕೊಂಡು ಬರುವಷ್ಟು ಹೊತ್ತು ಮುಂದೆ ಯಾರಾದರೂ ನಿಲ್ಲಬೇಕಲ್ಲ. ಎತ್ತರದ ಡಿಫೆಂಡರ್ ಮೇಲೆ ಬರದೆ ರಿಂಗ್ ಹತ್ತಿರವೇ ಹಿಂದೆ ಉಳಿಯುವುದು ಡ್ರಾಪ್. ನಾಲ್ಕು ಸಲ ಎನ್‌ಬಿಎಯ ವರ್ಷದ ಡಿಫೆಂಡರ್ ಆದ ರೂಡಿ ಗೋಬೇರ್ ಹೆಸರು ಮಾಡಿದ್ದು ಇದರಲ್ಲೇ. ಇದರ ಹಿಂದಿರುವುದು ಶುದ್ಧ ಲೆಕ್ಕ. ರಿಂಗ್ ಕೆಳಗಿನ ಶಾಟ್ ನೂರಕ್ಕೆ 60 ಬೀಳುತ್ತದೆ ಅಂತಿಟ್ಟುಕೊಳ್ಳೋಣ, ಒಂದು ಶಾಟ್‌ಗೆ ಸರಾಸರಿ 1.2 ಪಾಯಿಂಟ್. ತ್ರೀ ನೂರಕ್ಕೆ 36 ಬಿದ್ದರೆ 1.08. ನಡುವಿನ ದೂರದಿಂದ ಹೊಡೆಯುವುದು ನೂರಕ್ಕೆ 40 ಬಿದ್ದರೆ ಬರೀ 0.8. ಸಾಲ ತೀರಿಸಲೇಬೇಕು ಅಂದಮೇಲೆ 0.8 ಇರುವ ಕಡೆ ತೀರಿಸಿ! ಹಿಂದಿನಿಂದ ಅಟ್ಟುವವನು ತ್ರೀ ಹೊಡೆಯಲು ಬಿಡುವುದಿಲ್ಲ, ಮುಂದೆ ನಿಂತ ಎತ್ತರದವನು ರಿಂಗ್ ಮುಟ್ಟಲು ಬಿಡುವುದಿಲ್ಲ, ನಡುವೆ ಒಂದು ಜಾಗ ಬೇಕಂತಲೇ ಖಾಲಿ. ಹೊಡಿ ನೋಡೋಣ ಅನ್ನುವ ಆಹ್ವಾನ ಅದು.

ಡ್ರಾಪ್‌ನಲ್ಲಿ ನನಗೆ ತುಂಬ ಇಷ್ಟವಾಗುವುದು ಆ ಎತ್ತರದವನ ನಾಟಕ. ಎದುರಿಗೆ ಚೆಂಡು, ಪಕ್ಕದಲ್ಲಿ ರಿಂಗ್ ಕಡೆ ಓಡುತ್ತಿರುವ ಇನ್ನೊಬ್ಬ. ಇಬ್ಬರಲ್ಲಿ ಒಬ್ಬನನ್ನು ಆರಿಸಿದ ಕ್ಷಣವೇ ಸೋತ. ಹಾಗಾಗಿ ಆರಿಸುವುದೇ ಇಲ್ಲ. ಒಂದು ಕೈ ಚೆಂಡಿನ ಕಡೆ, ಒಂದು ಕೈ ಪಾಸ್ ಹೋಗುವ ದಾರಿಗೆ, ಕಾಲು ಹಿಂದಕ್ಕೆ. ಆಗಾಗ ಮುಂದೆ ನುಗ್ಗುವ ಹಾಗೆ ಒಂದು ಸುಳ್ಳು ಹೆಜ್ಜೆ. ಅವನಿಗೆ ಗೆಲ್ಲುವುದು ಬೇಕಿಲ್ಲ, ಆ ಅರ್ಧ ಸೆಕೆಂಡ್ ಕಳೆದರೆ ಸಾಕು. ಅಷ್ಟರಲ್ಲಿ ಹಿಂದೆ ಬಿದ್ದ ಗೆಳೆಯ ಬಂದು ಸೇರಿಕೊಳ್ಳುತ್ತಾನೆ. ಇಲ್ಲಿ ನಿಯಮದ ಒಂದು ವ್ಯತ್ಯಾಸವೂ ಇದೆ. ಎನ್‌ಬಿಎಯಲ್ಲಿ 2001ರಿಂದ, ಯಾರನ್ನೂ ಹತ್ತಿರದಿಂದ ಕಾಯದೆ ಡಿಫೆಂಡರ್ ಪೇಂಟ್ (ರಿಂಗ್ ಮುಂದೆ ಗೆರೆ ಹಾಕಿದ ಆಯತ) ಒಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಫೀಬಾ ಆಟದಲ್ಲಿ ಆ ನಿಯಮ ಇಲ್ಲ, ಎತ್ತರದವನು ಆರಾಮವಾಗಿ ಅಲ್ಲೇ ಬೀಡುಬಿಡಬಹುದು.

ಡ್ರಾಪ್‌ನ ತಲೆನೋವು ಸ್ಕ್ರೀನ್ ಹಾಕಿದವನೇ ಶೂಟರ್ ಆಗಿದ್ದಾಗ. ಏಳು ಅಡಿ ಎತ್ತರದ ಡರ್ಕ್ ನೊವಿಟ್ಸ್ಕಿ ಸ್ಕ್ರೀನ್ ಹಾಕಿ ಹೊರಗೆ ಸರಿದರೆ ಒಳಗೆ ನಿಂತ ಡಿಫೆಂಡರ್ ಏನು ಮಾಡಬೇಕು ಹೇಳಿ? 2011ರಲ್ಲಿ ಅವನ ತಂಡ ಡಲ್ಲಾಸ್ ಚಾಂಪಿಯನ್ ಆಯಿತು.

ಎತ್ತರದವನು ಮೇಲೆ ಬಂದು ಒಂದು ಕ್ಷಣ ಅಡ್ಡ ಹಾರಿ ವಾಪಸ್ ಓಡುವುದು ಹೆಜ್. ವಾಪಸ್ ಹೋಗದೆ ಇಬ್ಬರೂ ಸೇರಿ ಚೆಂಡು ಹಿಡಿದವನನ್ನು ಕೂಡಿಹಾಕುವುದು ಬ್ಲಿಟ್ಜ್. ನೋಡಲು ಸೊಗಸು. ಆದರೆ ಚೆಂಡಿನ ಹತ್ತಿರ ಇಬ್ಬರಿದ್ದಾರೆ ಅಂದರೆ ಹಿಂದೆ ನಾಲ್ವರನ್ನು ಮೂವರು ಕಾಯಬೇಕು. ಸೆಕೆಂಡಿಗೆ 10 ಮೀಟರ್ ವೇಗದ ಪಾಸ್ 6 ಮೀಟರ್ ದಾಟಲು 0.6 ಸೆಕೆಂಡ್ ಬೇಕು. ಅಷ್ಟರಲ್ಲಿ ಮನುಷ್ಯ 3 ಮೀಟರ್ ಓಡಬಹುದು, ಅದೂ ಚೆಂಡು ಕೈ ಬಿಟ್ಟ ಕ್ಷಣವೇ ಹೊರಟರೆ. 0.2 ಸೆಕೆಂಡ್ ನೋಡುವುದಕ್ಕೇ ಹೋಗುತ್ತದಲ್ಲ, ಹಾಗಾಗಿ ಪಾಸ್ ಮಾಡುವವನ ಭುಜ ತಿರುಗುವಾಗಲೇ ಓಡಬೇಕು. ಮೂವರಲ್ಲಿ ಒಬ್ಬ ಊಹೆ ತಪ್ಪಿದರೂ ಲೇಅಪ್, ಅಂದರೆ ರಿಂಗ್ ಪಕ್ಕದ ಸುಲಭದ ಶಾಟ್, ಬಿತ್ತು ಅಂತಲೇ ಲೆಕ್ಕ.

ಸ್ಕ್ರೀನ್ ಪಕ್ಕದ ಗೆರೆಯ ಹತ್ತಿರ ಬಂದಾಗ ಇನ್ನೊಂದು ದಾರಿ ಇದೆ, ಐಸ್. 2008ರಲ್ಲಿ ಚಾಂಪಿಯನ್ ಆದ ಬಾಸ್ಟನ್ ಸೆಲ್ಟಿಕ್ಸ್‌ನ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಟಾಮ್ ಥಿಬೊಡೊ ಇದಕ್ಕೆ ಹೆಸರಾದ. ಚೆಂಡು ಹಿಡಿದವನಿಗೂ ಸ್ಕ್ರೀನ್‌ಗೂ ನಡುವೆ ಮೊದಲೇ ಹೋಗಿ ನಿಂತು, ಸ್ಕ್ರೀನ್ ಬಳಸಲು ಬಿಡದೆ, ಅವನನ್ನು ಗೆರೆಯ ಕಡೆಗೇ ತಳ್ಳುವುದು. ಅಲ್ಲಿ ಎತ್ತರದವನು ಕಾಯುತ್ತಿರುತ್ತಾನೆ. ಗೆರೆ ದಾಟಿದರೆ ಚೆಂಡು ನಿಮ್ಮದು.

ಕೊನೆಗೆ ಸ್ವಿಚ್. ಇಬ್ಬರು ಡಿಫೆಂಡರ್‌ಗಳು ಸುಮ್ನೆ ಆಳು ಬದಲಿಸಿಕೊಳ್ಳುತ್ತಾರೆ. ಯಾರೂ ಹಿಂದೆ ಬೀಳುವುದಿಲ್ಲ, ಅರ್ಧ ಸೆಕೆಂಡ್ ಮಾಯ! ಮಾಯ ಆಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಈಗ ಕುಳ್ಳನ ಎದುರು ಎತ್ತರದವನು, ಎತ್ತರದವನ ಎದುರು ಕುಳ್ಳ. 2016ರ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಸ್ಕೋರ್ 89-89. ಕ್ಲೀವ್‌ಲ್ಯಾಂಡ್ ಬೇಕಂತಲೇ ಸ್ಕ್ರೀನ್ ಹಾಕಿಸಿ ಕರ್ರಿಯನ್ನು ತನ್ನ ಆಟಗಾರ ಕೈರಿ ಅರ್ವಿಂಗ್ ಎದುರಿಗೆ ತಂದು ನಿಲ್ಲಿಸಿತು. 53 ಸೆಕೆಂಡ್ ಉಳಿದಿದ್ದಾಗ ಅರ್ವಿಂಗ್ ಅವನ ತಲೆಯ ಮೇಲಿಂದ ತ್ರೀ ಹೊಡೆದ. ಮುಂದಿನ ಸರದಿಯಲ್ಲಿ ಅದೇ ಸ್ವಿಚ್ ತಿರುಗಿಬಿತ್ತು. ಕರ್ರಿಯ ಎದುರು ಸಿಕ್ಕಿಬಿದ್ದವನು ಕೆವಿನ್ ಲವ್, ದೊಡ್ಡ ಮೈಯವನು, ಚುರುಕು ಕಾಲಿಗೆ ಹೆಸರಾದವನಲ್ಲ. ಎಲ್ಲರೂ ಮುಗಿಯಿತು ಅಂದುಕೊಂಡರು. ಲವ್ ಅತ್ತ ಜಾರಿದ, ಇತ್ತ ಜಾರಿದ, ಕೈ ಎತ್ತಿಕೊಂಡೇ ಇದ್ದ. ಕರ್ರಿಯ ಶಾಟ್ ಬೀಳಲಿಲ್ಲ. ಕೊನೆಗೆ 93-89ರಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದಿತು. ಒಂದೇ ನಿಮಿಷದೊಳಗೆ ಒಂದೇ ಉಪಾಯದ ಎರಡು ಮುಖ.

ಈಗ ಎನ್‌ಬಿಎಯಲ್ಲಿ ಇದನ್ನೆಲ್ಲ ಕ್ಯಾಮೆರಾಗಳು ಅಳೆಯುತ್ತವೆ. 2013-14ರಿಂದ ಅಲ್ಲಿನ ಎಲ್ಲ ಕ್ರೀಡಾಂಗಣಗಳಲ್ಲೂ ಸೆಕೆಂಡಿಗೆ 25 ಸಲ ಹತ್ತೂ ಆಟಗಾರರ ಮತ್ತು ಚೆಂಡಿನ ಜಾಗ ದಾಖಲಾಗತೊಡಗಿತು. ಸ್ಕ್ರೀನ್ ಯಾವುದು, ಓವರ್ ಹೋದನೋ ಅಂಡರ್ ಹೋದನೋ ಅಂತ ಕಂಪ್ಯೂಟರ್ ತಾನೇ ಗುರುತಿಸುವುದನ್ನು ಕಲಿತಿದೆ. ಆದರೆ ಆ ದಾಖಲೆಯಲ್ಲಿದ್ದದ್ದು ಯಾರು ಎಲ್ಲಿದ್ದರು ಅನ್ನೋದು ಮಾತ್ರ. ಯಾರು ಕೂಗಿದರು, ಯಾವಾಗ ಕೂಗಿದರು ಅನ್ನೋದು ಅದರಲ್ಲಿ ಇರಲಿಲ್ಲ. 2020ರಲ್ಲಿ ಪ್ರೇಕ್ಷಕರಿಲ್ಲದೆ ಪಂದ್ಯಗಳು ನಡೆದಾಗ ಶೂಗಳ ಕಿರ್ ಕಿರ್ ನಡುವೆ ಆ ದನಿಗಳು ಟಿವಿಯಲ್ಲೂ ಕೇಳುತ್ತಿದ್ದವು. ಒಬ್ಬ ಎತ್ತರದ ಆಳು, ಎಲ್ಲರ ಹಿಂದೆ ನಿಂತು, ಪ್ರತಿ ಸಲವೂ, ಬಿಡದೆ: "ಲೆಫ್ಟ್, ಲೆಫ್ಟ್, ಸ್ಕ್ರೀನ್ ಲೆಫ್ಟ್!"