ಕಂಪ್ಯೂಟಿಂಗ್ ಮೊದಲ ಕೋರ್ಸಿನ ನಿಯಮಗಳು: ಯಾವುದು ಯಾಕಿದೆ, ಅಂಕ ಎಲ್ಲಿ ಸೋರುತ್ತದೆ

ಸೆಮಿಸ್ಟರಿನ ಮೊದಲ ವಾರ ಕೈಗೆ ಬರುವ ಸಿಲಬಸ್‌ನಲ್ಲಿ ಪಾಠಗಳ ಪಟ್ಟಿಗಿಂತ ನಿಯಮಗಳ ಭಾಗವೇ ಉದ್ದವಾಗಿರುತ್ತದೆ. ಹೆಚ್ಚಿನವರು ಪರೀಕ್ಷೆಯ ತಾರೀಖು ನೋಡಿಕೊಂಡು ಅದನ್ನು ಮುಚ್ಚಿಡುತ್ತಾರೆ. ಆದರೆ ಈ ಕೋರ್ಸಿನಲ್ಲಿ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಅರ್ಥವಾಗದೆ ಅಂಕ ಕಳೆದುಕೊಳ್ಳುವವರಷ್ಟೇ, ಸರಿಯಾದ ಪ್ರೋಗ್ರಾಂ ಬರೆದೂ ತಪ್ಪು ಹೆಸರಿನ ಫೈಲ್ ಕಳಿಸಿ ಸೊನ್ನೆ ತೆಗೆದುಕೊಳ್ಳುವವರೂ ಇರುತ್ತಾರೆ. ಇಲ್ಲಿನ ನಿಯಮಗಳಲ್ಲಿ ಬಹುಪಾಲು ಶಿಸ್ತಿನ ಹೆಸರಿನಲ್ಲಿ ಬಂದವಲ್ಲ, ಕಂಪ್ಯೂಟರಿನ ಸ್ವಭಾವದಿಂದ ಹುಟ್ಟಿದವು. ಕಾರಣ ತಿಳಿದರೆ ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸಿಲಬಸ್‌ನಲ್ಲಿ ಮೊದಲು ಗುರುತು ಹಾಕಬೇಕಾದದ್ದು

ಅಂಕ ಹಂಚಿಕೆಯನ್ನು ಎಲ್ಲರೂ ನೋಡುತ್ತಾರೆ. ಅದರ ಕೆಳಗಿನ ಸಣ್ಣಕ್ಷರದ ಸಾಲನ್ನು ನೋಡುವುದಿಲ್ಲ. 'ಲ್ಯಾಬ್ ಮತ್ತು ಲಿಖಿತ ಪರೀಕ್ಷೆ ಎರಡರಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು' ಎಂದಿದ್ದರೆ ಒಟ್ಟು ಸರಾಸರಿ 70 ಇದ್ದರೂ ಲ್ಯಾಬಿನಲ್ಲಿ ಬಿದ್ದವರು ಕೋರ್ಸಿನಲ್ಲೇ ಬಿದ್ದಂತೆ.

ತಡವಾದರೆ ಎಷ್ಟು ಕಡಿತ ಎಂಬುದರಲ್ಲೂ ಮಾತು ಸ್ಪಷ್ಟವಾಗಿರಬೇಕು. 'ದಿನಕ್ಕೆ ಶೇಕಡ 10 ಕಡಿತ' ಎಂಬ ಒಂದೇ ವಾಕ್ಯಕ್ಕೆ ಮೂರು ಲೆಕ್ಕಗಳಿವೆ. 100 ಅಂಕದ ಅಸೈನ್‌ಮೆಂಟಿಗೆ ನಿಮಗೆ 80 ಬಂದಿದೆ, 2 ದಿನ ತಡವಾಗಿದೆ ಎಂದಿಟ್ಟುಕೊಳ್ಳಿ. ಕಡಿತ ಒಟ್ಟು ಅಂಕದ ಮೇಲೆ ಎಂದಾದರೆ ಉಳಿಯುವುದು 60. ಬಂದ ಅಂಕದ ಮೇಲೆ ಎಂದಾದರೆ 64. ಪ್ರತಿದಿನ ಉಳಿದದ್ದರ ಮೇಲೆ ಎಂದಾದರೆ 64.8. ಯಾವ ಲೆಕ್ಕ ಎಂದು ಮೊದಲ ವಾರವೇ ಕೇಳಿಕೊಳ್ಳುವುದು ಒಳ್ಳೆಯದು. ಹೆಚ್ಚಿನ ಕಡೆ ಒಂದು ನಿಮಿಷ ತಡವಾದರೂ ಒಂದು ದಿನ ಎಂದೇ ಎಣಿಸುತ್ತಾರೆ, ಏಕೆಂದರೆ ಸಮಯ ಬರೆದುಕೊಳ್ಳುವುದು ಸರ್ವರ್. ಅದಕ್ಕೆ ನಿಮ್ಮ ಗಡಿಯಾರ ಗೊತ್ತಿಲ್ಲ. ಡೆಡ್‌ಲೈನನ್ನು ರಾತ್ರಿ 12 ಎಂದು ಬರೆಯದೆ 11:59 ಎಂದು ಬರೆಯುವುದೂ ಸುಮ್ಮನೆ ಅಲ್ಲ. '15ರ ರಾತ್ರಿ 12' ಎಂದರೆ 15ನೇ ತಾರೀಖು ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಜಗಳ ಅಲ್ಲಿಗೆ ನಿಲ್ಲುತ್ತದೆ.

ಸಬ್ಮಿಟ್ ಮಾಡುವ ನಿಯಮಗಳು

ಅತಿ ಹೆಚ್ಚು ಅಂಕ ಸೋರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ದೊಡ್ಡ ತರಗತಿಗಳಲ್ಲಿ ಅಸೈನ್‌ಮೆಂಟನ್ನು ಮೊದಲು ನೋಡುವುದು ಮನುಷ್ಯರಲ್ಲ, ತಾನಾಗಿ ಓಡುವ ಒಂದು ಪರೀಕ್ಷಕ ಪ್ರೋಗ್ರಾಂ. ಅದು ಹೇಳಿದ ಹೆಸರಿನ ಫೈಲನ್ನು ಹುಡುಕುತ್ತದೆ, ಓಡಿಸುತ್ತದೆ, ಇನ್‌ಪುಟ್ ಕೊಡುತ್ತದೆ, ಬಂದ ಔಟ್‌ಪುಟ್ಟನ್ನು ನಿರೀಕ್ಷಿತ ಉತ್ತರದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. 'ಎರಡು ಸಂಖ್ಯೆ ಓದಿ ಮೊತ್ತವನ್ನು ಮಾತ್ರ ಮುದ್ರಿಸಿ' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 5 ಮತ್ತು 7 ಕೊಟ್ಟರೆ ಪರೀಕ್ಷಕ ಕಾಯುತ್ತಿರುವುದು 12 ಎಂಬ ಎರಡು ಅಂಕಿಗಳಿಗೆ. ನೀವು ಸೌಜನ್ಯಕ್ಕೆಂದು 'ಮೊದಲ ಸಂಖ್ಯೆ ಕೊಡಿ', 'ನಿಮ್ಮ ಉತ್ತರ = 12' ಎಂದೆಲ್ಲ ಮುದ್ರಿಸಿದರೆ ಅದೂ ಔಟ್‌ಪುಟ್ಟಿನ ಭಾಗವೇ; ಹೋಲಿಕೆ ತಪ್ಪುತ್ತದೆ, ಅಂಕ ಸೊನ್ನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಇದೇ ಪ್ರಶ್ನೆಗೆ 57 ಎಂಬ ಉತ್ತರವೂ ಬರುತ್ತದೆ. ಇನ್‌ಪುಟ್ ಫಂಕ್ಷನ್ ಕೊಡುವುದು ಪಠ್ಯವನ್ನು. ಅದನ್ನು ಪೂರ್ಣಾಂಕಕ್ಕೆ ಬದಲಾಯಿಸದೆ ಕೂಡಿಸಿದರೆ 5ರ ಪಕ್ಕಕ್ಕೆ 7 ಅಂಟಿಕೊಳ್ಳುತ್ತದೆ.

'ಎರಡು ದಶಮಾಂಶ ಸ್ಥಾನಗಳಿಗೆ ಮುದ್ರಿಸಿ' ಎಂಬ ಸೂಚನೆಯೂ ಇದೇ ಜಾತಿಯದು. 0.1 ಮತ್ತು 0.2 ಕೂಡಿಸಿ ನೇರವಾಗಿ ಮುದ್ರಿಸಿದರೆ ಪೈಥಾನ್ ತೋರಿಸುವುದು 0.30000000000000004. 0.1ನ್ನು ಕಂಪ್ಯೂಟರ್ ಬಳಸುವ ದ್ವಿಮಾನದಲ್ಲಿ (0 ಮತ್ತು 1 ಮಾತ್ರ ಇರುವ ಸಂಖ್ಯಾಪದ್ಧತಿ) ಪೂರ್ತಿಯಾಗಿ ಬರೆಯಲು ಬರುವುದಿಲ್ಲ, ಅದು ಹತ್ತಿರದ ಬೆಲೆಯನ್ನಷ್ಟೇ ಇಟ್ಟುಕೊಳ್ಳುತ್ತದೆ.

ಫೈಲಿನ ಹೆಸರಿಗೆ ಬರೋಣ. ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರಗಳ ಗೋಳಿಲ್ಲ. ಇಂಗ್ಲಿಷಿನಲ್ಲಿ ಹೆಸರಿಟ್ಟ ಫೈಲಿಗೆ ಉಂಟು. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಬಗೆಯುತ್ತದೆ, ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬೇರೆ ಬೇರೆ ಎನ್ನುತ್ತದೆ. ಪರೀಕ್ಷಕ ಓಡುವುದು ಬಹಳ ಸಲ ಲಿನಕ್ಸ್ ಮೇಲೆ. ಹಾಗಾಗಿ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿ, ಅಲ್ಲಿ 'ಫೈಲ್ ಸಿಗಲಿಲ್ಲ' ಎನ್ನಿಸಿಕೊಳ್ಳುತ್ತದೆ. ಇನ್ನೊಂದು ಬಲೆ ಎಕ್ಸ್‌ಟೆನ್ಷನ್, ಅಂದರೆ ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ. ವಿಂಡೋಸ್ ಅದನ್ನು ಮೊದಲಿನಿಂದಲೂ ಅಡಗಿಸಿಟ್ಟಿರುತ್ತದೆ. ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿದ ಪೈಥಾನ್ ಫೈಲಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆಯನ್ನು ಕೋರ್ಸಿನ ಮೊದಲ ದಿನವೇ ಆನ್ ಮಾಡಿಬಿಡಿ. ಒಂದೇ ಫೈಲನ್ನು ಎರಡನೇ ಸಲ ಡೌನ್‌ಲೋಡ್ ಮಾಡಿದಾಗ ಬ್ರೌಸರ್ ಹೆಸರಿಗೆ ಆವರಣದಲ್ಲಿ 1 ಸೇರಿಸುತ್ತದೆ. ಹಾಗೇ ಸಬ್ಮಿಟ್ ಮಾಡಿದರೆ ಅದೂ ತಪ್ಪು ಹೆಸರೇ.

ಕೋಡನ್ನು ವರ್ಡ್‌ನಂಥ ತಂತ್ರಾಂಶದಲ್ಲಿ ಬರೆಯಬೇಡಿ ಎಂಬ ನಿಯಮವನ್ನು ಅನೇಕರು ಹಳೇ ಕಾಲದ ಹಟ ಎಂದುಕೊಳ್ಳುತ್ತಾರೆ. ಪ್ರೋಗ್ರಾಮಿಂಗ್ ಭಾಷೆಗೆ ಬೇಕಾದದ್ದು ನೇರ ಉದ್ಧರಣ ಚಿಹ್ನೆ, ಅದರ ಸಂಕೇತ ಸಂಖ್ಯೆ 34. ವರ್ಡ್ ಅದನ್ನು ಚೆಂದ ಮಾಡಲು ಬಾಗಿದ ಚಿಹ್ನೆಗಳಿಗೆ ಬದಲಾಯಿಸುತ್ತದೆ, ಅವುಗಳ ಯೂನಿಕೋಡ್ ಸಂಖ್ಯೆ 8220 ಮತ್ತು 8221. ಕಣ್ಣಿಗೆ ಎರಡೂ ಉದ್ಧರಣವೇ. ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಕಂಪೈಲರಿಗೆ ಎರಡನೆಯದು ಗುರುತಿಲ್ಲದ ಅಕ್ಷರ. ಪಿಡಿಎಫ್‌ನಿಂದ ನಕಲಿಸಿದ ಕೋಡ್ ಓಡದೇ ಇದ್ದಾಗಲೂ ಮೊದಲು ಈ ಚಿಹ್ನೆಗಳನ್ನು ಅಳಿಸಿ ಕೈಯಿಂದ ಟೈಪ್ ಮಾಡಿ ನೋಡಿ.

ಡೇಟಾ ಫೈಲ್ ಓದುವ ಅಸೈನ್‌ಮೆಂಟಿದ್ದರೆ ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸವನ್ನು ಕೋಡಿನೊಳಗೆ ಬರೆಯಬೇಡಿ. ಆ ಫೋಲ್ಡರ್ ಇರುವುದು ನಿಮ್ಮ ಯಂತ್ರದಲ್ಲಿ ಮಾತ್ರ. ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಡೇಟಾ ಫೈಲಿಟ್ಟು, ಅಲ್ಲಿಂದಲೇ ಓಡಿಸಿ, ಹೆಸರನ್ನಷ್ಟೇ ಬರೆದರೆ ಸಾಕು.

ಕಳಿಸಿದ ಮೇಲೆ ಮಾಡಬೇಕಾದ ಒಂದು ಕೆಲಸಕ್ಕೆ ಮೂರು ನಿಮಿಷ ಬೇಕು. ಸಬ್ಮಿಟ್ ಆದ ಫೈಲನ್ನು ಖಾಲಿ ಫೋಲ್ಡರಿಗೆ ಡೌನ್‌ಲೋಡ್ ಮಾಡಿ, ಬಿಚ್ಚಿ, ಅಲ್ಲಿಂದ ಓಡಿಸಿ. ಖಾಲಿ ಜಿಪ್, ಹಳೇ ಆವೃತ್ತಿ, ಸೇವ್ ಆಗದ ಬದಲಾವಣೆ ಎಲ್ಲವೂ ಇಲ್ಲೇ ಸಿಕ್ಕಿಬೀಳುತ್ತವೆ.

ಲ್ಯಾಬ್ ಮತ್ತು ತರಗತಿ

ತಿಂಡಿ, ನೀರು ಬೇಡ ಎಂಬುದಕ್ಕೆ ವಿವರಣೆ ಬೇಕಾಗಿಲ್ಲ. ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡುವುದು, ಮುಗಿದ ಮೇಲೆ ಲಾಗೌಟ್ ಆಗುವುದು ಮಾತ್ರ ಗಂಭೀರ ವಿಷಯ. ನಿಮ್ಮ ಲಾಗಿನ್‌ನಿಂದ ಯಾರೇ ಏನೇ ಮಾಡಿದರೂ ದಾಖಲೆಯಲ್ಲಿ ಕಾಣುವುದು ನಿಮ್ಮ ಹೆಸರು. ಎಷ್ಟೋ ಲ್ಯಾಬ್ ಯಂತ್ರಗಳು ರೀಸ್ಟಾರ್ಟ್ ಆದಾಗ ಸ್ಥಳೀಯ ಡಿಸ್ಕನ್ನು ಮೊದಲಿನ ಸ್ಥಿತಿಗೆ ತರುತ್ತವೆ, ಹಾಗಾಗಿ ಡೆಸ್ಕ್‌ಟಾಪಿನ ಮೇಲಿಟ್ಟ ಫೈಲ್ ಮರುದಿನ ಇರುತ್ತದೆ ಎಂಬ ಭರವಸೆ ಬೇಡ. ಪೆನ್‌ಡ್ರೈವಿಗೆ ಹಾಕಿಕೊಂಡರೆ ಇಜೆಕ್ಟ್ ಮಾಡಿಯೇ ಕೀಳಿ. ಬರೆಯುವುದು ಮುಗಿಯುವ ಮುನ್ನ ಕಿತ್ತರೆ ಫೈಲ್ ಅರ್ಧಕ್ಕೇ ನಿಂತಿರಬಹುದು.

ಜೋಡಿಯಾಗಿ ಕೋಡ್ ಬರೆಯುವ ಲ್ಯಾಬಿನಲ್ಲಿ ಒಬ್ಬರು ಕೀಬೋರ್ಡ್ ಹಿಡಿಯುತ್ತಾರೆ, ಇನ್ನೊಬ್ಬರು ಪ್ರತಿ ಸಾಲನ್ನೂ ಓದುತ್ತ ಮುಂದಿನ ಹೆಜ್ಜೆ ಯೋಚಿಸುತ್ತಾರೆ. 15–20 ನಿಮಿಷಕ್ಕೊಮ್ಮೆ ಜಾಗ ಬದಲಿಸಬೇಕು. ಬದಲಿಸದಿದ್ದರೆ ಚುರುಕಾಗಿ ಟೈಪ್ ಮಾಡುವವರು ಇಡೀ ಲ್ಯಾಬ್ ಮುಗಿಸುತ್ತಾರೆ, ಜೊತೆಗಿರುವವರು ಪರೀಕ್ಷೆಯ ದಿನ ಮೊದಲ ಸಲ ಸೆಮಿಕೋಲನ್ ಹಾಕುತ್ತಾರೆ.

ಲ್ಯಾಪ್‌ಟಾಪ್ ತೆರೆದಿಟ್ಟು ಬೇರೇನೋ ನೋಡುವುದು ನಿಮ್ಮ ಸ್ವಂತ ನಷ್ಟ ಮಾತ್ರವಾಗಿದ್ದರೆ ಅದಕ್ಕೊಂದು ನಿಯಮವೇ ಬೇಕಿರಲಿಲ್ಲ. ಆ ಪರದೆ ಹಿಂದಿನ ಸಾಲಿಗೂ ಕಾಣುತ್ತದೆ. ಅಂಥ ಪರದೆ ಕಣ್ಣಿಗೆ ಬೀಳುವ ಕಡೆ ಕೂತವರಿಗೂ ಪಾಠದ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದನ್ನು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು.

ಚರ್ಚೆ ಎಲ್ಲಿ ಮುಗಿಯುತ್ತದೆ, ಕಾಪಿ ಎಲ್ಲಿ ಶುರುವಾಗುತ್ತದೆ

'ಚರ್ಚಿಸಬಹುದು, ಕೋಡ್ ಹಂಚಿಕೊಳ್ಳುವಂತಿಲ್ಲ' ಎಂಬ ಸಾಲು ಓದಲು ಸುಲಭ, ಪಾಲಿಸುವಾಗ ಗಡಿ ಮಸುಕು. ಕೆಲಸಕ್ಕೆ ಬರುವ ಅಳತೆ ಹೀಗಿದೆ: ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ಬೇಕಾದರೂ ಮಾತಾಡಿ. ಎದ್ದು ಹೋಗುವಾಗ ಬರೆದದ್ದನ್ನು ಅಳಿಸಿ, ಫೋಟೊ ತೆಗೆಯಬೇಡಿ. ಅರ್ಧ ಗಂಟೆ ಬೇರೆ ಕೆಲಸ ಮಾಡಿ, ಆಮೇಲೆ ಒಬ್ಬರೇ ಕೂತು ಬರೆಯಿರಿ. ತಲೆಯಲ್ಲಿ ಉಳಿದದ್ದು ನಿಮಗೆ ಅರ್ಥವಾದದ್ದು. ಉಳಿಯದ್ದನ್ನು ಬರೆದಿದ್ದರೆ ಅದು ಕಾಪಿಯೇ ಆಗುತ್ತಿತ್ತು. ಯಾರೊಡನೆ ಚರ್ಚಿಸಿದಿರಿ ಎಂಬುದನ್ನು ಫೈಲಿನ ತಲೆಯಲ್ಲಿ ಕಾಮೆಂಟಾಗಿ (ಕಂಪ್ಯೂಟರ್ ಓಡಿಸದೆ ಬಿಡುವ ಟಿಪ್ಪಣಿ) ಹಾಕಿ.

ವೇರಿಯಬಲ್ (ಕೋಡಿನಲ್ಲಿ ಬೆಲೆಯನ್ನು ಇಟ್ಟುಕೊಳ್ಳುವ ಜಾಗ) ಹೆಸರು ಬದಲಿಸಿದರೆ ಗೊತ್ತಾಗುವುದಿಲ್ಲ ಎಂಬ ನಂಬಿಕೆ ಹಳೆಯದು. ಅಲೆಕ್ಸ್ ಐಕೆನ್ 1994ರಲ್ಲಿ ರೂಪಿಸಿದ, ಕಾಪಿ ಪತ್ತೆಹಚ್ಚುವ ಮಾಸ್ ಎಂಬ ತಂತ್ರಾಂಶ ಈ ಕಸರತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಖಾಲಿ ಜಾಗ, ವೇರಿಯಬಲ್ ಹೆಸರುಗಳನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಒಂದರ ಮೇಲೊಂದು ಹಾಯುವ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡಿಗೂ ಒಂದು ಸಂಖ್ಯೆ ಕಟ್ಟಿ, ಅವುಗಳಲ್ಲಿ ಕೆಲವನ್ನು ಆ ಪ್ರೋಗ್ರಾಮಿನ ಬೆರಳಚ್ಚಿನಂತೆ ಇಟ್ಟುಕೊಳ್ಳುತ್ತದೆ. ಫಂಕ್ಷನ್‌ಗಳ ಕ್ರಮ ಹಿಂದುಮುಂದು ಮಾಡಿದರೂ ತುಂಡುಗಳು ಹಾಗೇ ಉಳಿಯುತ್ತವೆ. ಹತ್ತು ಸಾಲಿನ ಪ್ರೋಗ್ರಾಂ ಎಲ್ಲರದ್ದೂ ಹೋಲುವುದು ಸಹಜ, ಅದು ಬೋಧಕರಿಗೂ ಗೊತ್ತು. ಅವರ ಕಣ್ಣು ಹೋಗುವುದು ಇಬ್ಬರೂ ಮಾಡಿದ ಒಂದೇ ವಿಚಿತ್ರ ತಪ್ಪಿನ ಮೇಲೆ. ಇನ್ನೊಂದು ಮಾತು: ಕೋಡ್ ಕೊಟ್ಟವರಿಗೂ ಪಡೆದವರಿಗೂ ಶಿಕ್ಷೆ ಒಂದೇ ಎಂದು ಹೆಚ್ಚಿನ ನಿಯಮಗಳಲ್ಲಿರುತ್ತದೆ.

ಕೋಡ್ ಬರೆದುಕೊಡುವ ಎಐ ಸಾಧನಗಳ ವಿಷಯದಲ್ಲಿ ಕೋರ್ಸಿನಿಂದ ಕೋರ್ಸಿಗೆ ನಿಯಮ ಬೇರೆ. ಸಿಲಬಸ್‌ನಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಒಪ್ಪಿಗೆ ಇದೆ ಎಂದುಕೊಳ್ಳದೆ ಲಿಖಿತವಾಗಿ ಕೇಳಿ. ಒಪ್ಪಿಗೆ ಇದ್ದರೂ ವೈವಾದಲ್ಲಿ 'ಈ ಸಾಲು ತೆಗೆದರೆ ಏನಾಗುತ್ತದೆ?' ಎಂದರೆ ಉತ್ತರ ಹೇಳಬೇಕಾದವರು ನೀವೇ.

ಸಹಾಯ ಕೇಳುವ ಕ್ರಮ

'ಸರ್, ನನ್ನ ಪ್ರೋಗ್ರಾಂ ವರ್ಕ್ ಆಗ್ತಿಲ್ಲ' ಎಂಬ ಸಂದೇಶಕ್ಕೆ ಯಾರಿಗೂ ಉತ್ತರ ಹೇಳಲಾಗದು. ಯಾವ ಇನ್‌ಪುಟ್ ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು, ಏನೇನು ಪ್ರಯತ್ನಿಸಿದಿರಿ ಎಂಬ ನಾಲ್ಕು ಸಂಗತಿ ಇರಲಿ. ಎರರ್ ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ಹೊಡೆಯದೆ ಪೂರ್ತಿ ಪಠ್ಯವಾಗಿ ನಕಲಿಸಿ. ಅದಕ್ಕೂ ಮೊದಲು ನೀವೇ ಓದಿ: ಸಿ ಭಾಷೆಯ ಕಂಪೈಲರಿನ ಎರರ್‌ಗಳನ್ನು ಮೇಲಿನಿಂದ ನೋಡಬೇಕು, ಏಕೆಂದರೆ ಮೊದಲ ತಪ್ಪೇ ಕೆಳಗಿನ ಇಪ್ಪತ್ತಕ್ಕೆ ಕಾರಣವಾಗಿರಬಹುದು. ಪೈಥಾನಿನದನ್ನು ಕೊನೆಯ ಸಾಲಿನಿಂದ ನೋಡಬೇಕು, ತಪ್ಪಿನ ಹೆಸರಿರುವುದು ಅಲ್ಲಿ. ಸಂದೇಶ 14ನೇ ಸಾಲು ಎಂದರೆ 13ನ್ನೂ ನೋಡಿ. ಮುಚ್ಚದ ಆವರಣ, ಬಿಟ್ಟ ಸೆಮಿಕೋಲನ್ ಕಂಪೈಲರಿಗೆ ತಿಳಿಯುವುದು ಮುಂದಿನ ಸಾಲು ಓದಿದಾಗ. ಒಂದೇ ಕಡೆ ಅರ್ಧ ಗಂಟೆಗಿಂತ ಹೆಚ್ಚು ಸಿಕ್ಕಿಕೊಂಡಿದ್ದರೆ ಕೇಳುವುದರಲ್ಲಿ ನಾಚಿಕೆಯಿಲ್ಲ.

ಅಂಕ ಮರುಪರಿಶೀಲನೆಗೂ ಗಡುವಿರುತ್ತದೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸು. 'ಅಂಕ ಕಡಿಮೆ ಬಂದಿದೆ' ಎಂದು ಬರೆಯದೆ, ಮೌಲ್ಯಮಾಪನದ ಯಾವ ಅಂಶದಲ್ಲಿ ಕಡಿತವಾಗಿದೆ, ನಿಮ್ಮ ಕೋಡಿನ ಎಷ್ಟನೇ ಸಾಲು ಅದನ್ನು ಪೂರೈಸುತ್ತದೆ ಎಂದು ತೋರಿಸಿ. ಎಷ್ಟೋ ಕಡೆ ಇಡೀ ಉತ್ತರವನ್ನು ಹೊಸದಾಗಿ ತಿದ್ದುತ್ತಾರೆ, ಅಂಕ ಇಳಿಯಲೂಬಹುದು. ಅರ್ಧ ಅಂಕಕ್ಕೆ ಅರ್ಜಿ ಹಾಕುವ ಮುನ್ನ ಉಳಿದ ಪ್ರಶ್ನೆಗಳನ್ನೂ ಒಮ್ಮೆ ಓಡಿಸಿ ನೋಡಿ.