ಕೈಗೆ ಬಂದದ್ದು 1,320, ಕೇಳುತ್ತಿರುವುದು 1,500

ಮಾರ್ಚ್ ಬಂತೆಂದರೆ ನನ್ನ ಮೊಬೈಲಿಗೆ ಸಂಬಳದ ಚೀಟಿಗಳ ಫೋಟೋಗಳು ಬರತೊಡಗುತ್ತವೆ. ಹಾಸಿಗೆಯ ಮೇಲಿಟ್ಟು, ಓರೆಯಾಗಿ, ಟ್ಯೂಬ್‌ಲೈಟಿನ ಬಿಳಿ ಪಟ್ಟೆ ಸರಿಯಾಗಿ ಅಂಕಿಗಳ ಮೇಲೆಯೇ ಬೀಳುವಂತೆ ತೆಗೆದ ಫೋಟೋಗಳು. ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರ ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬಿನ ಒಂದು ಭಾಗ. ಗಂಟು ಕಟ್ಟಿಸುವ ಭಾಗವೇನಲ್ಲ. ಜಿನೋಮ್ ಬಿಡಿಸಿ ಓದಬಲ್ಲವರು ಒಂದು ಪುಟದ ಸಂಬಳದ ಚೀಟಿಯನ್ನು ಕೊನೆಯ ಸಾಲಿನ ಮೊತ್ತ ಬಿಟ್ಟು ಮತ್ತೇನನ್ನೂ ಓದದೆ ಕಳಿಸುತ್ತಾರೆ.

ಓದಿನ ಜೊತೆಗೆ ವಿಶ್ವವಿದ್ಯಾಲಯಕ್ಕೇ ದುಡಿಯುವ ಇವರಂಥ ವಿದ್ಯಾರ್ಥಿ ನೌಕರರ ಮುಷ್ಕರ ನಡೆದು, ಮುಷ್ಕರದ ದಿನಗಳಿಗೆ ಬಂದ ಸಂಬಳವನ್ನು ವಿಶ್ವವಿದ್ಯಾಲಯ ವಾಪಸು ಕೇಳಿದ್ದರೆ ಫೋಟೋದ ಕೆಳಗೆ ಒಂದು ಸಂದೇಶವೂ ಇರುತ್ತದೆ. ಮಾತು ಬೇರೆಯಾದರೂ ಸಾರ ಒಂದೇ: "ಇವರು ಮೋಸ ಮಾಡುತ್ತಿದ್ದಾರೆ. ನನ್ನ ಖಾತೆಗೆ ಬಂದದ್ದು 1,320 ಡಾಲರ್. ವಾಪಸು ಕೇಳುತ್ತಿರುವುದು 1,500."

ಅಂಕಿ ಒಬ್ಬೊಬ್ಬರದು ಒಂದೊಂದು. ಲೆಕ್ಕ ಸುಲಭವಾಗಲಿ ಎಂದು ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ಇದು ಮೋಸವಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮುಷ್ಕರದ ತಿಂಗಳಲ್ಲಿ ಸಂಬಳ ಬಂದದ್ದಾದರೂ ಹೇಗೆ? ಬೋಧನಾ ಸಹಾಯಕರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರಲ್ಲ. ವಾರಕ್ಕೆ 20 ಗಂಟೆ, ಅಂದರೆ ಅರ್ಧ ಹುದ್ದೆ ಎಂದು ಸೆಮಿಸ್ಟರಿನ ಆರಂಭದಲ್ಲಿ ಒಮ್ಮೆ ಸಂಬಳದ ಯಂತ್ರಕ್ಕೆ ಹೇಳಿಟ್ಟರೆ ಮುಗಿಯಿತು, ಹಣ ತಾನಾಗಿ ಹರಿಯುತ್ತಿರುತ್ತದೆ. ನೀವು ಫಲಕ ಹಿಡಿದು ಗೇಟಿನ ಮುಂದೆ ಕೂಗುತ್ತಿದ್ದೀರಿ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಗೊತ್ತುಮಾಡುವ ವ್ಯವಸ್ಥೆಯೂ ಅನೇಕ ಕಡೆ ಇರುವುದಿಲ್ಲ. ಅದಕ್ಕೇ ಮುಷ್ಕರ ಶುರುವಾದ ಮೇಲೆ ವಿಶ್ವವಿದ್ಯಾಲಯಗಳು ತರಾತುರಿಯಲ್ಲಿ ದೃಢೀಕರಣದ ಅರ್ಜಿ ಹೊರಡಿಸುತ್ತವೆ: ಈ ವಾರ ನಾನು ಕೆಲಸ ಮಾಡಿದ್ದೇನೆ ಎಂದು ನೀವೇ ಬರೆದುಕೊಡಬೇಕು. 2024ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ಸುಮಾರು ಏಳು ತಿಂಗಳು ನಡೆದ ಬಾಸ್ಟನ್ ವಿಶ್ವವಿದ್ಯಾಲಯದ ಮುಷ್ಕರದಲ್ಲಿ ಹೀಗೆ ವಾರವಾರವೂ ಬರೆಸಿಕೊಂಡರು. 2023ರಲ್ಲಿ ಮಿಷಿಗನ್‌ನಲ್ಲೂ ಕೆಲಸ ಮಾಡಿದ್ದೇನೆಂದು ದೃಢೀಕರಿಸದವರ ಸಂಬಳ ನಿಂತಿತು. ಬರೆದುಕೊಡದಿದ್ದರೆ ಮುಷ್ಕರದಲ್ಲಿದ್ದೀರಿ ಎಂದೇ ಅರ್ಥ. ಸುಳ್ಳು ಬರೆದುಕೊಟ್ಟರೆ ಅದು ಸಂಬಳದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಶಿಸ್ತುಕ್ರಮದ ಪ್ರಶ್ನೆಯಾಗುತ್ತದೆ. ಅದನ್ನಂತೂ ಮಾಡಬೇಡಿ.

ಈ ಅರ್ಜಿಗಳು ಬಂದು, ತುಂಬಿ, ಯಾರೋ ಕೂತು ಹೆಸರು ಹೊಂದಿಸುವಷ್ಟರಲ್ಲಿ ಒಂದೋ ಎರಡೋ ಸಂಬಳ ಪೂರ್ತಿಯಾಗಿ ಖಾತೆಗೆ ಬಿದ್ದಿರುತ್ತದೆ. "ನೋಡಿ, ನಮ್ಮ ಸಂಬಳ ಮುಟ್ಟುವ ಧೈರ್ಯ ಅವರಿಗಿಲ್ಲ" ಎಂದು ಉತ್ಸಾಹದಿಂದ ಫೋನ್ ಮಾಡಿದವರಿದ್ದಾರೆ. ಧೈರ್ಯವಲ್ಲ ಮಾರಾಯರೇ, ಅವರಿಗಿಲ್ಲದ್ದು ಮಾಹಿತಿ. ಅದು ಇವತ್ತಲ್ಲ ನಾಳೆ ಸಿಗುತ್ತದೆ. ಆಗ ಹೆಚ್ಚುವರಿ ಪಾವತಿಯ ವಸೂಲಿ ಎಂಬ ತಲೆಬರಹದ ಪತ್ರ ಬರುತ್ತದೆ.

ಈಗ ಆ 180 ಡಾಲರ್ ವ್ಯತ್ಯಾಸಕ್ಕೆ ಬರೋಣ. ದಯವಿಟ್ಟು ನಿಧಾನವಾಗಿ ಓದಿ.

ವಿಶ್ವವಿದ್ಯಾಲಯ ನಿಮಗೆ ಕೊಟ್ಟದ್ದು 1,500. ಅದರಲ್ಲಿ 180ನ್ನು ಆದಾಯ ತೆರಿಗೆಯೆಂದು ಹಿಡಿದು ಸರ್ಕಾರಕ್ಕೆ ಕಟ್ಟಿತು, ಉಳಿದ 1,320 ನಿಮ್ಮ ಖಾತೆಗೆ ಬಂತು. ಈ ಹಣ ತಪ್ಪಾಗಿ ಬಂದದ್ದೆಂದು ಅದೇ ವರ್ಷದ ಡಿಸೆಂಬರ್ 31ರೊಳಗೆ ಗೊತ್ತಾಗಿ ನೀವು ಹಿಂತಿರುಗಿಸಿದರೆ, ಸಾಮಾನ್ಯವಾಗಿ 1,320 ಕೊಟ್ಟರೆ ಸಾಕು. ಆ ವರ್ಷದ ಲೆಕ್ಕ ಇನ್ನೂ ತೆರೆದಿರುವುದರಿಂದ 180ನ್ನು ಅವರೇ ಸರಿಪಡಿಸಿಕೊಳ್ಳುತ್ತಾರೆ. ನಿಮ್ಮ ಡಬ್ಲ್ಯೂ-2ರಲ್ಲಿ, ಅಂದರೆ ಉದ್ಯೋಗದಾತ ಕೊಡುವ ವರ್ಷದ ಸಂಬಳ ಮತ್ತು ತೆರಿಗೆಯ ಚೀಟಿಯಲ್ಲಿ, ಆ 1,500 ಕಾಣುವುದೇ ಇಲ್ಲ.

ಜನವರಿ 1 ದಾಟಿತೋ, ಕಥೆ ಬೇರೆ. ಹಿಂದಿನ ವರ್ಷದ ಆದಾಯ ತೆರಿಗೆಯನ್ನು ಉದ್ಯೋಗದಾತ ಸರ್ಕಾರದಿಂದ ವಾಪಸು ಪಡೆಯುವಂತಿಲ್ಲ. ಆ 180 ನಿಮ್ಮ ಹೆಸರಿನಲ್ಲಿ ಜಮೆಯಾಗಿದೆ. ನಿಮ್ಮ ರಿಟರ್ನ್‌ನಲ್ಲಿ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಅವರು ಪೂರ್ತಿ 1,500 ಕೇಳುತ್ತಾರೆ. ಇಲ್ಲಿಯವರೆಗೆ ಅನ್ಯಾಯವೇನೂ ಇಲ್ಲ.

ಅನ್ಯಾಯ ಇರುವುದು ಮುಂದಿನ ಮೆಟ್ಟಿಲಲ್ಲಿ, ಮತ್ತು ಅದನ್ನು ಮಾಡಿದ್ದು ವಿಶ್ವವಿದ್ಯಾಲಯವಲ್ಲ, ತೆರಿಗೆ ಕಾನೂನು. ಹಣ ಹಿಂತಿರುಗಿಸಿದರೂ ಹಿಂದಿನ ವರ್ಷದ ಆದಾಯದಲ್ಲಿ ಆ 1,500 ಹಾಗೆಯೇ ಉಳಿಯುತ್ತದೆ. ಹಳೆಯ ರಿಟರ್ನ್ ತಿದ್ದಿ ಸಲ್ಲಿಸುವಂತಿಲ್ಲ. ಕೈಗೆ ಬಂದ ವರ್ಷದಲ್ಲಿ ಅದು ನಿಮ್ಮದೇ ಆಗಿತ್ತು ಎನ್ನುತ್ತದೆ ಕಾನೂನು. ಹಿಂತಿರುಗಿಸಿದ ಮೊತ್ತ 3,000 ಡಾಲರ್ ಮೀರಿದ್ದರೆ, ಹಿಂತಿರುಗಿಸಿದ ವರ್ಷದ ರಿಟರ್ನ್‌ನಲ್ಲಿ ತೆರಿಗೆ ಕಾಯ್ದೆಯ 1341ನೇ ಕಲಮಿನಡಿ ಪರಿಹಾರ ಕೇಳಬಹುದು. ಮೀರಿರದಿದ್ದರೆ 2018ರಿಂದೀಚೆಗೆ ಫೆಡರಲ್ ತೆರಿಗೆಯಲ್ಲಿ ಏನೂ ಸಿಗುವುದಿಲ್ಲ. ಅಂದರೆ 1,500 ಹಿಂತಿರುಗಿಸಿದವನು, ತನ್ನ ಬಳಿ ಉಳಿಯದ 1,500ಕ್ಕೆ ತೆರಿಗೆ ಕಟ್ಟಿ ಸುಮ್ಮನಾಗಬೇಕು. ನನಗೂ ಇದು ಸರಿಯೆನಿಸುವುದಿಲ್ಲ. ಆದರೆ ಈ ಸಿಟ್ಟನ್ನು ಸಂಬಳದ ಕಚೇರಿಯ ಗುಮಾಸ್ತೆಯ ಮೇಲೆ ತೀರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ, ಶರತ್ಕಾಲದಲ್ಲಿ ಶುರುವಾದ ಮುಷ್ಕರ ಹೆಚ್ಚಾಗಿ ವರ್ಷದ ಗಡಿಯ ಮೇಲೆಯೇ ಬಂದು ಕೂರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತು ಕ್ಯಾಂಪಸ್‌ಗಳ ಸುಮಾರು 48,000 ನೌಕರರು ಕೆಲಸ ಬಿಟ್ಟದ್ದು 2022ರ ನವೆಂಬರ್ 14ರಂದು. ಒಪ್ಪಂದಕ್ಕೆ ಮತ ಬಿದ್ದು ಮುಗಿದದ್ದು ಡಿಸೆಂಬರ್ 23ಕ್ಕೆ. ಕೊಲಂಬಿಯಾದಲ್ಲಿ 2021ರ ನವೆಂಬರ್ 3ರಂದು ಶುರುವಾದದ್ದು 2022ರ ಜನವರಿ 7ರವರೆಗೆ ನಡೆಯಿತು. ಗ್ರೇಡುಗಳನ್ನು ತಡೆಹಿಡಿದರೆ ಬಿಸಿ ತಟ್ಟುವುದು ಡಿಸೆಂಬರ್‌ನಲ್ಲಿಯೇ ಆದ್ದರಿಂದ ಸಂಘಗಳು ಆ ಕಾಲವನ್ನು ಆರಿಸಿಕೊಳ್ಳುವುದು ಸಹಜ. ತೆರಿಗೆಯ ಪಂಚಾಂಗ ನೋಡಿ ಮುಷ್ಕರಕ್ಕೆ ಮುಹೂರ್ತ ಇಡಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚುವರಿ ಹಣ ಬಂದಿದೆಯೆಂದು ಖಚಿತವಾಗಿದ್ದರೆ, ಅದರ ಬಗ್ಗೆ ತಕರಾರಿಲ್ಲದಿದ್ದರೆ, ಡಿಸೆಂಬರ್ ಮುಗಿಯುವುದರೊಳಗೆ ಸಂಬಳದ ಕಚೇರಿಗೆ ಬರೆಯಿರಿ. ತಕರಾರಿದ್ದರೆ ಮೊದಲು ಸಂಘದ ಪ್ರತಿನಿಧಿಯ ಬಳಿ ಹೋಗಿ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಸಂಬಳದಿಂದ ಎಷ್ಟು ಕಡಿಯಬಹುದು, ಕಡಿಯಬಹುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ನಾನು ಲೆಕ್ಕದವನು, ವಕೀಲನಲ್ಲ.

ಒಮ್ಮೆ ಒಬ್ಬ ಹುಡುಗಿಯ ಅಪ್ಪ ಹಾಸನದಿಂದ ಫೋನ್ ಮಾಡಿದ್ದರು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಮಗಳು ಅಳುತ್ತಿದ್ದಾಳೆ, ಅಮೆರಿಕದಲ್ಲಿ ಹೀಗೂ ಉಂಟೇ ಎಂದು ಕೇಳುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಕೇಳಿದ್ದೇ ಬೇರೆ: "ಪೂರ್ತಿ ದಿನದ್ದು ಹಿಡಿದರೋ, ಬಿಟ್ಟ ಗಂಟೆಯದ್ದು ಮಾತ್ರವೋ?" ನನಗೆ ನಗು ಬಂತು. ನಾಲ್ಕು ಗಂಟೆ ಮುಷ್ಕರ ಮಾಡಿ ಉಳಿದ ಹೊತ್ತು ಕೆಲಸಕ್ಕೆ ಬಂದ ಬ್ಯಾಂಕ್ ನೌಕರರ ಇಡೀ ದಿನದ ಸಂಬಳ ಹಿಡಿದದ್ದು ಸರಿಯೇ ಎಂದು ನಮ್ಮ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತ್ತು. ಮುಷ್ಕರ ಕಾನೂನುಬದ್ಧವೂ ಸಮರ್ಥನೀಯವೂ ಆಗಿದ್ದರೆ ಮಾತ್ರ ಆ ದಿನಗಳ ಸಂಬಳ ಕೇಳಬಹುದು ಎಂದು ಸಂವಿಧಾನ ಪೀಠ ಹೇಳಿದ್ದು 1994ರಲ್ಲಿ, ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿಯೇ. ಇವೆಲ್ಲ ಆ ಹಿರಿಯರಿಗೆ ಕಂಠಪಾಠ. ಮುಷ್ಕರವೆಂದರೆ ಸಂಬಳ ಹೋಗುತ್ತದೆ ಎಂದು ತಿಳಿದೇ ಇಳಿದವರು ಅವರು. ಮಗಳಿಗೆ ಯಾರೂ ಹೇಳಿರಲಿಲ್ಲ.

ಮಗಳು ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುವವಳು. ಸಂಶೋಧನಾ ಸಹಾಯಕಿ. ಮುಷ್ಕರದ ಆರೂ ವಾರ ರಾತ್ರಿ ಒಂಬತ್ತಕ್ಕೆ ಪ್ರಯೋಗಾಲಯಕ್ಕೆ ಹೋಗಿ ಸೀಸೆಗಳನ್ನು ಬದಲಾಯಿಸಿ ಬಂದಿದ್ದಾಳೆ. ಬದಲಾಯಿಸದಿದ್ದರೆ ನಾಲ್ಕು ವರ್ಷದ ತಳಿ ಸಾಯುತ್ತದೆ. "ನೊಣಗಳಿಗೆ ಮುಷ್ಕರ ಅರ್ಥವಾಗುವುದಿಲ್ಲವಲ್ಲ" ಎಂದಳು. ಇದು ಸಂಬಳ ಸಿಗಬೇಕಾದ ಕೆಲಸವೋ, ಅವಳ ಸ್ವಂತ ಪ್ರಬಂಧದ ಕೆಲಸವೋ? ಒಂದೇ ಮೇಜು, ಒಂದೇ ನೊಣ. ತರಗತಿಗೆ ಹೋಗುವವನು ಹೋಗಲಿಲ್ಲವೆಂದರೆ ಲೆಕ್ಕ ಸಿಗುತ್ತದೆ, ಪ್ರಯೋಗಾಲಯದವರದು ಸಿಗುವುದಿಲ್ಲ. ನನಗೆ ತಿಳಿದ ಉಪಾಯ ಒಂದೇ: ಮೊದಲ ದಿನದಿಂದಲೇ ಯಾವ ದಿನ ಎಷ್ಟು ಹೊತ್ತು ಏನು ಮಾಡಿದಿರಿ ಎಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಅವಳು ಬರೆದಿರಲಿಲ್ಲ. ಸೀಸೆಗಳ ಮೇಲೆ ಅಂಟಿಸಿದ್ದ ದಿನಾಂಕದ ಚೀಟಿಗಳಿದ್ದವು. ಅವುಗಳ ಫೋಟೋಗಳನ್ನು ಸಂಘದವರಿಗೆ ಕೊಟ್ಟಳು, ಅವರು ವಿಶ್ವವಿದ್ಯಾಲಯದ ಜೊತೆ ಕೂತು ವಸೂಲಿಯ ಲೆಕ್ಕದಿಂದ ಕೆಲವು ದಿನ ಕಡಿಮೆ ಮಾಡಿಸಿಕೊಟ್ಟರು.

ಸಂಬಳದ ಚೀಟಿಯಲ್ಲಿ ಹಣದ ಹೆಸರು ನೋಡಿ ಎಂದು ನಾನು ಬಡಿದುಕೊಳ್ಳುವುದೂ ಇದಕ್ಕೇ. ಕೂಲಿಯ ಹೆಸರಿನಲ್ಲಿ ಬಂದದ್ದು ಡಬ್ಲ್ಯೂ-2ಕ್ಕೆ ಹೋಗುತ್ತದೆ. ಮುಷ್ಕರದಲ್ಲಿ ನಿಲ್ಲುವುದು ಅದೇ. ಕೆಲಸದ ಷರತ್ತಿಲ್ಲದ ಫೆಲೋಶಿಪ್ ಕೂಲಿಯಲ್ಲ. ನಮ್ಮವರಿಗೆ ಅದು ಹೆಚ್ಚಾಗಿ 1042-ಎಸ್ ಎಂಬ ಬೇರೆ ಚೀಟಿಯಲ್ಲಿ ಬರುತ್ತದೆ, ಸಾಮಾನ್ಯವಾಗಿ ಮುಷ್ಕರದ ಲೆಕ್ಕಕ್ಕೆ ಸೇರುವುದಿಲ್ಲ. ಮೂರನೆಯದು ಕಣ್ಣಿಗೆ ಕಾಣದ ಹಣ: ಬೋಧನಾ ಶುಲ್ಕದ ವಿನಾಯಿತಿ, ಆರೋಗ್ಯ ವಿಮೆ. ಇವನ್ನು ಯಾರೂ ಮುಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದರು, 2023ರ ಫೆಬ್ರವರಿಯವರೆಗೆ. ಆ ತಿಂಗಳು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ ಮುಷ್ಕರ ನಿರತರ ಶುಲ್ಕ ವಿನಾಯಿತಿಯನ್ನು ಕಿತ್ತುಕೊಂಡು, ವಿಮೆಗೆ ಕೊಡುತ್ತಿದ್ದ ಹಣ ನಿಲ್ಲಿಸಿ, ಪೂರ್ತಿ ಶುಲ್ಕವನ್ನು ಮಾರ್ಚ್ 9ರೊಳಗೆ ಕಟ್ಟಿ ಎಂದು ಬಿಲ್ ಕಳಿಸಿತು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸಂಬಳ ನಿಲ್ಲುವುದಕ್ಕಿಂತ ಇದು ಹೆಚ್ಚು ಭಯ ಹುಟ್ಟಿಸುವಂಥದ್ದು. ಅವರ ವೀಸಾ ನಿಂತಿರುವುದು ಪೂರ್ಣಾವಧಿ ನೋಂದಣಿಯ ಮೇಲೆ. ಮುಷ್ಕರ ಶುರುವಾಗುವ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೂ ಸಂಘದಲ್ಲೂ ಕೇಳಬೇಕಾದ ಪ್ರಶ್ನೆ ಇದು.

ವೀಸಾದ ಮಾತು ಬಂದದ್ದರಿಂದ ಇನ್ನೊಂದು. ಸಂಬಳ ನಿಂತ ಮೇಲೆ ದಾವಣಗೆರೆಯ ಹುಡುಗನೊಬ್ಬ ಗೆಳೆಯನ ಖಾತೆಯಲ್ಲಿ ಸಂಜೆ ಊಟ ತಲುಪಿಸುವ ಕೆಲಸ ಹಿಡಿದಿದ್ದ. ನನಗೆ ಹೇಳಿದ್ದು ಹೆಮ್ಮೆಯಿಂದ. ಅಷ್ಟು ಸಿಟ್ಟು ನನಗೆ ಆ ವರ್ಷ ಮತ್ತೆ ಬರಲಿಲ್ಲ. ಕ್ಯಾಂಪಸ್ಸಿನ ಹೊರಗೆ ಅನುಮತಿಯಿಲ್ಲದೆ ದುಡಿಯುವುದು ವೀಸಾದ ಉಲ್ಲಂಘನೆ, ಹಸಿವೆಯಿಂದ ಮಾಡಿದರೂ. ಮುಷ್ಕರ ಮಾಡಿದ್ದರಿಂದ ಬಾರದ ಆಪತ್ತನ್ನು ಅವನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದ. ಅದೇ ಹೊತ್ತಿಗೆ ಸಂಘದ ಮುಷ್ಕರ ಭತ್ಯೆಗೆ ಹೆಸರು ಬರೆಸಿರಲಿಲ್ಲ, ಏಕೆಂದರೆ "ಸರದಿ ಉದ್ದ ಇತ್ತು."

ಆ ಭತ್ಯೆಯಿಂದ ಹೊಟ್ಟೆ ತುಂಬುತ್ತದೆಂದು ನಾನು ಹೇಳುವುದಿಲ್ಲ. ಈ ವಿದ್ಯಾರ್ಥಿ ನೌಕರರಲ್ಲಿ ಬಹಳ ಮಂದಿ ಇರುವುದು ಕಾರು ಕಾರ್ಖಾನೆಯ ಕಾರ್ಮಿಕರಿಗಾಗಿ ಹುಟ್ಟಿದ ಯುಎಡಬ್ಲ್ಯೂ ಸಂಘದಲ್ಲಿ. 2022ರ ಕ್ಯಾಲಿಫೋರ್ನಿಯಾ ಮುಷ್ಕರದಲ್ಲಿ ಅದು ವಾರಕ್ಕೆ 400 ಡಾಲರ್ ಕೊಟ್ಟಿತು, ಅದೂ ಪಿಕೆಟ್ ಸಾಲಿನಲ್ಲಿ, ಅಂದರೆ ಫಲಕ ಹಿಡಿದು ನಿಲ್ಲುವ ಪ್ರತಿಭಟನೆಯ ಸಾಲಿನಲ್ಲಿ, ಹಾಜರಿ ಹಾಕಿಸಿಕೊಂಡವರಿಗೆ. ಆಗ ಅಲ್ಲಿನ ಬೋಧನಾ ಸಹಾಯಕರ ಕನಿಷ್ಠ ಸಂಬಳ ಒಂಬತ್ತು ತಿಂಗಳ ಶೈಕ್ಷಣಿಕ ವರ್ಷಕ್ಕೆ ಸುಮಾರು 23,000. ಹಂಚಿದರೆ ತಿಂಗಳಿಗೆ 2,550ರ ಆಸುಪಾಸು. ನಾಲ್ಕು ವಾರದ ಭತ್ಯೆ 1,600. ಬಾಡಿಗೆಯ ಮುಂದೆ ಈ ವ್ಯತ್ಯಾಸ ಸಣ್ಣದಲ್ಲ. ಆ ಮುಷ್ಕರದ ಫಲವಾಗಿ 2024ರ ಅಕ್ಟೋಬರ್ ಹೊತ್ತಿಗೆ ಕನಿಷ್ಠ ಸಂಬಳ 34,000ಕ್ಕೆ ಏರುವಂತಾಯಿತು ಎಂಬುದನ್ನೂ ಹೇಳದಿದ್ದರೆ ನನ್ನ ಲೆಕ್ಕ ಒಕ್ಕಣ್ಣಿನದಾಗುತ್ತದೆ. ಆದರೆ ಏರಿಕೆಯೇ ಬೇರೆ, ಕಳೆದುಕೊಂಡ ವಾರಗಳ ಸಂಬಳವೇ ಬೇರೆ. ಕೆಲಸಕ್ಕೆ ಮರಳುವ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಎರಡನೆಯದು ಸಿಗುತ್ತದೆ.

ಭತ್ಯೆಗೂ ತೆರಿಗೆ ಇದೆ. ಉಡುಗೊರೆ ಎಂದೇ ಕೊಟ್ಟದ್ದು ಸ್ಪಷ್ಟವಾಗಿಲ್ಲದಿದ್ದರೆ ತೆರಿಗೆ ಇಲಾಖೆ ಅದನ್ನು ಆದಾಯವೆಂದೇ ನೋಡುತ್ತದೆ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದರಿಂದ ಹೊರೆ ಸ್ವಲ್ಪ ಹಗುರ. ಬೇರೆ ಹಲವು ದೇಶಗಳ ಗೆಳೆಯರಿಗೆ ಅದೂ ಇಲ್ಲ, ಅವರ ಲೆಕ್ಕ ನೋಡಿ ನಿಮ್ಮದನ್ನು ಬರೆಯಬೇಡಿ. ಭತ್ಯೆಯ ಚೀಟಿ ಸಂಬಳದ ಚೀಟಿಯ ಜೊತೆ ಬರುವುದಿಲ್ಲ. ಸಂಘದಿಂದ ಬೇರೆಯಾಗಿ, ಅಂಚೆಯಲ್ಲಿ ಬರಬಹುದು. ಅಷ್ಟರಲ್ಲಿ ನೀವು ಬಾಡಿಗೆ ಕಟ್ಟಲಾರದೆ ಆ ಮನೆ ಬಿಟ್ಟಿರುತ್ತೀರಿ. ಹೊಸ ವಿಳಾಸವನ್ನು ಸಂಘಕ್ಕೆ ತಿಳಿಸಿ. ಚೀಟಿ ಬಂದ ಮೇಲೆ ಫೋಟೋ ಬೇಡ, ಸ್ಕ್ಯಾನ್ ಮಾಡಿ ಕಳಿಸಿ.